ಮಿಲಾನ್ ಕೈಪಿಡಿಯನ್ನು ಗಂಟೆಗಳ ಲೆಕ್ಕದಲ್ಲಿ ಕಟ್ಟಿದ ಬಗೆ

ಲೈಂಗಿಕ ಮತ್ತು ಲಿಂಗತ್ವ ಅಲ್ಪಸಂಖ್ಯಾತ ಪ್ರವಾಸಿಗರಿಗಾಗಿ ನಾನು ಕನ್ನಡದಲ್ಲಿ ಸಿದ್ಧಪಡಿಸಿದ ಮಿಲಾನ್ ಕೈಪಿಡಿ ಈಗ ತನ್ನ ಖರ್ಚನ್ನು ತಾನೇ ದುಡಿದುಕೊಳ್ಳುತ್ತಿದೆ. ಅದನ್ನು ಹಿಡಿದು ಹೋದ ಜೋಡಿಗಳು ತಮ್ಮ ಗೆಳೆಯರನ್ನೂ ನನ್ನ ಬಳಿಗೆ ಕಳುಹಿಸುತ್ತಿದ್ದಾರೆ. ಸಣ್ಣ ಗುಂಪುಗಳನ್ನು ಯೂರೋಪಿಗೆ ಕಳುಹಿಸುವ ನಮ್ಮ ವೃತ್ತಿಯಲ್ಲಿ ಇದನ್ನು ನಂಬಿದವರು ಕಡಿಮೆ. ಫೋನಿನಲ್ಲಿ ಹುಡುಕಿದರೆ ಎಲ್ಲ ಬಾರುಗಳೂ ಸಿಗುವಾಗ ಕನ್ನಡದ ಕೈಪಿಡಿಯನ್ನು ಯಾರು ಕೊಳ್ಳುತ್ತಾರೆ ಎಂದು ಒಬ್ಬರು ಕೇಳಿದರು. ಮಿಲಾನ್ ಎಂದರೆ ಬಟ್ಟೆ ಅಂಗಡಿಗಳ ಊರು, ಒಂದು ದಿನ ಸಾಕು, ಇಂಥವರನ್ನು ಬಾರ್ಸಿಲೋನಾಕ್ಕೆ ಕಳುಹಿಸಿ ಎಂದು ಇನ್ನೊಬ್ಬರು ಬುದ್ಧಿ ಹೇಳಿದರು. ವೀಸಾ, ವಿಮೆ, ಕೊಠಡಿ ಕಾಯ್ದಿರಿಸುವ ತಾಣಗಳು ಇವುಗಳ ಮೂಲಪಾಠ ನಿಮಗೆಲ್ಲ ಗೊತ್ತಿರುವುದರಿಂದ ಅದನ್ನು ಬಿಟ್ಟು, ಕೈಪಿಡಿ ಎಲ್ಲಿ ಸೋತಿತು, ಹೇಗೆ ನಿಂತಿತು ಎಂಬುದನ್ನಷ್ಟೇ ಬರೆಯುತ್ತೇನೆ.

ಮೊದಲ ಆವೃತ್ತಿ ಎಲ್ಲರೂ ಮಾಡುವಂತೆಯೇ ಇತ್ತು: ಬಾರುಗಳು, ಕ್ಲಬ್ಬುಗಳು, ಸೌನಾಗಳು, ಅವುಗಳ ವಿಳಾಸ ಮತ್ತು ಒಂದೊಂದು ಚಿತ್ರ. ಬಣ್ಣದಲ್ಲಿ ಮುದ್ರಿಸಿದ್ದಕ್ಕೆ ನೆನಪಿನಿಂದ ಹೇಳುವುದಾದರೆ ಅರವತ್ತು ಎಪ್ಪತ್ತು ಸಾವಿರ ರೂಪಾಯಿ ಹೋಯಿತು, ವಾಪಸ್ಸು ಬಂದದ್ದು ಅದರ ಕಾಲು ಭಾಗವೂ ಅಲ್ಲ. ಅಚ್ಚಿನ ಶಾಯಿ ಆರುವ ಮೊದಲೇ ಪಟ್ಟಿಯಲ್ಲಿದ್ದ ಕೆಲವು ಜಾಗಗಳು ಮುಚ್ಚಿದ್ದವು, ಕೆಲವು ಹೆಸರು ಬದಲಿಸಿದ್ದವು. ಆದರೆ ಸೋಲಿಗೆ ಅದಕ್ಕಿಂತ ದೊಡ್ಡ ಕಾರಣ ನಮ್ಮ ಗಿರಾಕಿಗಳ ಸ್ವಭಾವದಲ್ಲಿತ್ತು. ನನ್ನಲ್ಲಿಗೆ ಬರುವವರಲ್ಲಿ ಹೆಚ್ಚಿನವರು ನಲವತ್ತು ದಾಟಿದ, ಮೈಸೂರು, ಹುಬ್ಬಳ್ಳಿ, ದಾವಣಗೆರೆ ಕಡೆಯ ಜೋಡಿಗಳು. ಮನೆಯಲ್ಲಿ ಗೆಳೆಯನೊಂದಿಗೆ ಪ್ರವಾಸ ಹೊರಟಿದ್ದೇನೆ ಎಂದಷ್ಟೇ ಹೇಳಿ ಬಂದವರು, ಅರ್ಧದಷ್ಟು ಮಂದಿ ಸಸ್ಯಾಹಾರಿಗಳು, ರಾತ್ರಿ ಹತ್ತೂವರೆಗೆ ನಿದ್ದೆ ಹೋಗುವವರು. ರಾತ್ರಿ ಒಂದು ಗಂಟೆಗೆ ತುಂಬುವ ಕ್ಲಬ್ಬಿನ ವಿಳಾಸ ಅವರಿಗೆ ಏತಕ್ಕೆ? ಅವರು ಬಯಸುತ್ತಿದ್ದದ್ದು ಒಂದೇ: ಒಂದು ವಾರ ಯಾರ ಕಣ್ಣಿಗೂ ಅಂಜದೆ ಕೈ ಕೈ ಹಿಡಿದು ನಡೆಯುವುದು, ಒಂದೇ ಹಾಸಿಗೆಯ ಕೊಠಡಿಯನ್ನು ವಿವರಣೆ ಕೊಡದೆ ಪಡೆಯುವುದು.

ಹಾಗಾಗಿ ಪಟ್ಟಿಯನ್ನು ಬಿಸಾಡಿ, ಒಂದೇ ಬಡಾವಣೆಯನ್ನು ಆರಿಸಿ, ಅದನ್ನು ಗಂಟೆಗಳ ಪ್ರಕಾರ ಬರೆದೆ. ಆ ಬಡಾವಣೆ ಪೋರ್ತಾ ವೆನೆಝಿಯಾ. ಅಲ್ಲಿನ ಲೆಕ್ಕೋ ಬೀದಿ ಮಧ್ಯಾಹ್ನ ನಾಲ್ಕಕ್ಕೆ ಯಾವ ವಿಶೇಷವೂ ಇಲ್ಲದ ಬೀದಿ. ಆ ಹೊತ್ತಿಗೆ ಹೋದ ಜೋಡಿಯೊಂದು ಇಲ್ಲಿ ಏನೂ ಇಲ್ಲವಲ್ಲ ಎಂದು ನನಗೆ ಸಂದೇಶ ಕಳುಹಿಸಿತ್ತು. ಅದೇ ಬೀದಿ ಸಂಜೆ ಏಳರ ಹೊತ್ತಿಗೆ, ಮೋನೋದಂಥ ಬಾರುಗಳ ಮುಂದೆ ಲೋಟ ಹಿಡಿದು ಪಾದಚಾರಿ ಮಾರ್ಗದಲ್ಲೇ ನಿಂತವರಿಂದ ತುಂಬಿಹೋಗುತ್ತದೆ, ಅವರ ನಡುವೆ ಎರಡು ಗಂಡಸರೋ ಎರಡು ಹೆಂಗಸರೋ ಜೊತೆಯಾಗಿ ನಿಂತರೆ ಯಾರೂ ತಲೆಯೆತ್ತಿ ನೋಡುವುದಿಲ್ಲ. ಮಿಲಾನಿನವರು ಅಪೆರಿತೀವೋ ಎನ್ನುವ ಈ ಸಂಜೆಯ ಹೊತ್ತು ಸುಮಾರು ಆರರಿಂದ ಒಂಬತ್ತರವರೆಗೆ ನಡೆಯುತ್ತದೆ. ಒಂದು ಪಾನೀಯ ಕೊಂಡರೆ ಜೊತೆಗೆ ತಿನಿಸೂ ಬರುತ್ತದೆ, ಮದ್ಯವಿಲ್ಲದ ಪಾನೀಯ ಕೇಳಿದರೂ ಮುಖ ಸಿಂಡರಿಸುವುದಿಲ್ಲ, ತಲೆಗೆ ಹತ್ತು ಹನ್ನೆರಡು ಯೂರೋ. ನಮ್ಮ ಗಿರಾಕಿಗಳ ನಿದ್ದೆಯ ಸಮಯಕ್ಕೆ ಇದು ಸರಿಯಾಗಿ ಹೊಂದುತ್ತದೆ. ಬಾರ್ಸಿಲೋನಾಕ್ಕಿಂತ ಮಿಲಾನ್ ನನ್ನವರಿಗೆ ಒಗ್ಗಿದ್ದು ಈ ಕಾರಣದಿಂದಲೇ. ಯಾವ ಬೀದಿಯಲ್ಲಿ ಯಾವ ಗಂಟೆಯಿಂದ ಯಾವ ಗಂಟೆಯವರೆಗೆ ಯಾವ ಬಗೆಯ ಜನ ಇರುತ್ತಾರೆ ಎಂಬುದನ್ನು ವಾರದ ಪ್ರತಿ ದಿನಕ್ಕೂ ಬೇರೆಬೇರೆಯಾಗಿ ಗುರುತಿಸಿಟ್ಟಿದ್ದೇನೆ. ಲೆಕ್ಕೋ ಬೀದಿಯನ್ನು ಗಡಿಯಾರ ಹಿಡಿದು ಇಷ್ಟು ಅಳೆದ ಕನ್ನಡಿಗ ಇನ್ನೊಬ್ಬನಿರಲಾರ ಎಂದು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ಎರಡನೆಯ ನಿರ್ಧಾರ ವಸತಿಯದು. ಎಲ್ಲರೂ ಊರಿನ ದೊಡ್ಡ ಚರ್ಚಾದ ದುವೋಮೋ ಬಳಿ ಕೊಠಡಿ ಹಿಡಿಯುತ್ತಾರೆ. ನಾನು ಪೋರ್ತಾ ವೆನೆಝಿಯಾ ಮೆಟ್ರೋ ನಿಲ್ದಾಣದಿಂದ ಅರ್ಧ ಕಿಲೋಮೀಟರಿನ ಆಚೆ ಕೊಠಡಿ ಕೊಡುವುದೇ ಇಲ್ಲ. ಸಂಜೆಯ ತಿರುಗಾಟ ಮುಗಿಸಿ ಐದು ನಿಮಿಷ ನಡೆದರೆ ಕೊಠಡಿ ಸಿಗಬೇಕು, ರಾತ್ರಿಯ ಟ್ಯಾಕ್ಸಿ, ಅಪರಿಚಿತ ಬೀದಿಗಳ ಅಂಜಿಕೆ ಇರಬಾರದು. ಲೈಂಗಿಕ ಅಲ್ಪಸಂಖ್ಯಾತರ ವಾರ್ಷಿಕ ಮೆರವಣಿಗೆಯಾದ ಪ್ರೈಡ್‌ನ ಸಮಯದಲ್ಲಿ, 2018ರಲ್ಲಿ, ಆ ನಿಲ್ದಾಣಕ್ಕೆ ಬಳಿದ ಕಾಮನಬಿಲ್ಲಿನ ಬಣ್ಣಗಳನ್ನು ಆಮೇಲೂ ಉಳಿಸಿಕೊಂಡಿದ್ದಾರೆ. ನಮ್ಮಲ್ಲಿ ಸಲಿಂಗ ಸಂಬಂಧ ಅಪರಾಧವಲ್ಲ ಎಂದ 377ನೇ ಸೆಕ್ಷನ್ನಿನ ತೀರ್ಪು ಬಂದದ್ದೂ ಅದೇ ವರ್ಷದ ಸೆಪ್ಟೆಂಬರಿನಲ್ಲಾದ್ದರಿಂದ ಬಂದವರೆಲ್ಲ ಅಲ್ಲಿ ಒಂದು ಚಿತ್ರ ತೆಗೆಸಿಕೊಳ್ಳುತ್ತಾರೆ.

ಕೊಠಡಿಯ ವಿಷಯದಲ್ಲಿ ಕಷ್ಟ ಬಂದದ್ದು ಹಾಸಿಗೆಯಿಂದ. ಇಬ್ಬರು ಗಂಡಸರ ಹೆಸರು ಕಂಡ ಕೂಡಲೇ ಒಂದು ಹೋಟೆಲಿನವರು, ಸೌಜನ್ಯವೆಂದೇ ತಿಳಿದು, ಜೋಡಿ ಹಾಸಿಗೆಯನ್ನು ಎರಡಾಗಿ ಬೇರ್ಪಡಿಸಿ ಇಟ್ಟಿದ್ದರು. ಶಿವಮೊಗ್ಗದ ಆ ಹಿರಿಯ ಜೋಡಿ ಸಂಕೋಚದಿಂದ ಕೇಳಲಾರದೆ ನಾಲ್ಕು ರಾತ್ರಿ ಹಾಗೆಯೇ ಕಳೆದಿತ್ತು. ಈಗ ಕಾಯ್ದಿರಿಸಿದ ಮೇಲೆ ಹೋಟೆಲಿಗೆ ಇಟಾಲಿಯನ್ನಿನಲ್ಲಿ ಎರಡು ಸಾಲಿನ ಪತ್ರ ಕಳುಹಿಸುತ್ತೇನೆ. ಆ ಪತ್ರದ ಒಕ್ಕಣೆಯನ್ನು ಇಲ್ಲಿ ಕೊಡುವುದಿಲ್ಲ, ಅದು ನನ್ನ ಹೊಟ್ಟೆಪಾಡಿನ ಭಾಗ. ಉತ್ತರ ಬರುವ ಧಾಟಿಯಲ್ಲೇ ಆ ಹೋಟೆಲಿಗೆ ಮತ್ತೆ ಜನರನ್ನು ಕಳುಹಿಸಬೇಕೋ ಬೇಡವೋ ತಿಳಿಯುತ್ತದೆ ಎಂದಷ್ಟು ಹೇಳಬಲ್ಲೆ. ಇನ್ನೊಂದು ಮಾತನ್ನು ಕೈಪಿಡಿಯ ಮೊದಲ ಪುಟದಲ್ಲೇ ಹಾಕಿದ್ದೇನೆ: ಇಟಲಿಯಲ್ಲಿ ಪ್ರತಿ ಅತಿಥಿಯ ಗುರುತಿನ ವಿವರವನ್ನೂ ಹೋಟೆಲಿನವರು ಪೊಲೀಸರಿಗೆ ಒಪ್ಪಿಸಲೇಬೇಕೆಂಬ ಕಾನೂನಿದೆ, ಆದ್ದರಿಂದ ಇಬ್ಬರ ಪಾಸ್‌ಪೋರ್ಟನ್ನೂ ಕೇಳಿದಾಗ ಗಾಬರಿಯಾಗಬೇಕಾಗಿಲ್ಲ. ನಮ್ಮ ಊರಿನ ಲಾಡ್ಜುಗಳ ಅನುಭವ ಹೊತ್ತು ಬಂದವರಿಗೆ ಈ ಒಂದು ವಾಕ್ಯ ಎಷ್ಟು ನೆಮ್ಮದಿ ಕೊಡುತ್ತದೆ ಎಂಬುದು ಇಲ್ಲಿನವರಿಗೇ ಗೊತ್ತು.

ಹಣದ ಲೆಕ್ಕ ಪೂರ್ತಿಯಾಗಿ ತಿಂಗಳ ಮೇಲೆ ನಿಂತಿದೆ. ನವೆಂಬರಿನಲ್ಲಿ ನೂರ ಹತ್ತು, ನೂರ ಇಪ್ಪತ್ತು ಯೂರೋಗೆ ಸಿಗುವ ಕೊಠಡಿ, ಏಪ್ರಿಲಿನ ಸಲೋನೆ ದೆಲ್ ಮೊಬಿಲೆ ಪೀಠೋಪಕರಣ ಮೇಳದ ವಾರ ಅಥವಾ ಫೆಬ್ರವರಿ, ಸೆಪ್ಟೆಂಬರಿನ ಫ್ಯಾಷನ್ ವಾರ ಬಂದರೆ ಇನ್ನೂರ ಎಂಬತ್ತು ದಾಟುತ್ತದೆ. ಆಗಸ್ಟಿನಲ್ಲಿ ದರ ಇಳಿಯುತ್ತದೆಂದು ಒಮ್ಮೆ ಒಂದು ಗುಂಪನ್ನು ಕಳುಹಿಸಿದ್ದೆ; ಹದಿನೈದನೆಯ ತಾರೀಖಿನ ಹಬ್ಬದ ಆಸುಪಾಸಿನಲ್ಲಿ ಊರಿನವರೆಲ್ಲ ಕಡಲ ಕಡೆಗೆ ಹೋಗಿಬಿಟ್ಟಿರುತ್ತಾರೆ, ಅರ್ಧ ಬೀದಿ ಬಾಗಿಲು ಹಾಕಿರುತ್ತದೆ, ಉಳಿದದ್ದು ಸೆಕೆ ಮತ್ತು ಸೊಳ್ಳೆ. ಆ ಗುಂಪಿಗೆ ನನ್ನ ಕಮಿಷನ್ನಿನ ಅರ್ಧವನ್ನು ಮರಳಿಸಿದೆ. ಜೂನ್ ಕೊನೆಯ ಪ್ರೈಡ್ ವಾರ ದುಬಾರಿಯಾದರೂ ಕೊಟ್ಟ ಹಣಕ್ಕೆ ಸಲ್ಲುತ್ತದೆ. ಆರ್ಕೋ ದೆಲ್ಲಾ ಪಾಚೆ ಎಂಬ ಕಮಾನಿನ ಬಳಿ ಮುಗಿಯುವ ಮೆರವಣಿಗೆಯಲ್ಲಿ ಅಜ್ಜಿಯರು, ಮಕ್ಕಳ ಗಾಡಿ ತಳ್ಳುವವರು ಎಲ್ಲರೂ ಇರುವುದರಿಂದ ನಮ್ಮ ನಾಚಿಕೆಯ ಜನರೂ ಅರ್ಧ ಗಂಟೆಯಲ್ಲಿ ಬೆರೆತುಹೋಗುತ್ತಾರೆ. ಊರೊಳಗಿನ ಓಡಾಟ ಅಗ್ಗ, ತೊಂಬತ್ತು ನಿಮಿಷದ ಟಿಕೆಟ್ಟಿಗೆ 2.20 ಯೂರೋ.

ಹಗಲಿನ ಭಾಗವೇ ನನ್ನ ಕೈಪಿಡಿಯ ನಿಜವಾದ ಬಂಡವಾಳ. ಸ್ಕಾಲಾ ಚೌಕಕ್ಕೆ ಎಲ್ಲರೂ ಒಪೆರಾ ಮನೆ ನೋಡಲು ಹೋಗುತ್ತಾರೆ. ನಾನು ಅಲ್ಲಿ ಅರ್ಧ ಗಂಟೆ ನಿಲ್ಲಿಸುತ್ತೇನೆ. 1992ರ ಜೂನ್ 27ರಂದು ನಗರಸಭಾ ಸದಸ್ಯ ಪಾವೋಲೋ ಹುಟ್ಟರ್ ಹತ್ತು ಸಲಿಂಗ ಜೋಡಿಗಳಿಗೆ ಸಾಂಕೇತಿಕ ಮದುವೆ ಮಾಡಿಸಿದ್ದು ಅದೇ ಚೌಕದಲ್ಲಿ. ಕಾನೂನು ಬರಲು ಅಲ್ಲಿಂದ 24 ವರ್ಷ ಹಿಡಿಯಿತು, 2016ರ 76ನೇ ಕಾನೂನು ಕೊಟ್ಟದ್ದೂ ಮದುವೆಯನ್ನಲ್ಲ, ಜೋಡಿಯನ್ನು ಕಾನೂನಿನಡಿ ನೋಂದಾಯಿಸುವ ನಾಗರಿಕ ಒಕ್ಕೂಟವನ್ನು ಮಾತ್ರ. 2023ರ ಮಾರ್ಚಿನಲ್ಲಿ, ಸಲಿಂಗ ತಂದೆತಾಯಿಯರ ಮಕ್ಕಳ ನೋಂದಣಿಯನ್ನು ನಿಲ್ಲಿಸಬೇಕೆಂದು ಸರ್ಕಾರ ಸೂಚಿಸಿದಾಗ ಜನ ಸೇರಿ ಪ್ರತಿಭಟಿಸಿದ್ದೂ ಅಲ್ಲೇ. ಚೌಕದ ನಡುವೆ ಪ್ರತಿಮೆಯಾಗಿ ನಿಂತಿರುವ ಚಿತ್ರಕಾರ ಲಿಯೊನಾರ್ಡೋ ದ ವಿಂಚಿಯ ಮೇಲೂ 1476ರಲ್ಲಿ ಫ್ಲಾರೆನ್ಸಿನಲ್ಲಿ ಸಲಿಂಗ ಸಂಬಂಧದ ಅನಾಮಧೇಯ ದೂರು ದಾಖಲಾಗಿ ವಜಾ ಆಗಿತ್ತು. ಇವಿಷ್ಟನ್ನೂ ಓದಿಕೊಂಡು ಆ ಕಲ್ಲುಬೆಂಚುಗಳ ಮೇಲೆ ಕುಳಿತವರು ಮುಂದಿನ ಅಂಗಡಿಗೆ ಹೋಗೋಣ ಎಂದು ಅವಸರಿಸಿದ್ದನ್ನು ನಾನು ಕಂಡಿಲ್ಲ.

ಫ್ಯಾಷನ್ ಬೀದಿಗಳನ್ನೂ ಕೊಳ್ಳುವ ಜಾಗವಾಗಿ ಅಲ್ಲ, ಚರಿತ್ರೆಯಾಗಿ ನಡೆಸುತ್ತೇನೆ, ಇದರಿಂದ ಗಿರಾಕಿಯ ದುಡ್ಡೂ ಉಳಿಯುತ್ತದೆ. ವಸ್ತ್ರವಿನ್ಯಾಸಕ ಜಾನ್ನಿ ವೆರ್ಸಾಚೆ 1978ರಲ್ಲಿ ಮೊದಲ ಅಂಗಡಿ ತೆರೆದ ಸ್ಪೀಗಾ ಬೀದಿ, 1997ರಲ್ಲಿ ಅವರ ಸ್ಮರಣೆಯ ಪ್ರಾರ್ಥನೆ ನಡೆದ ದುವೋಮೋ, ಇನ್ನೊಬ್ಬ ವಿನ್ಯಾಸಕ ಜೊರ್ಜೋ ಅರ್ಮಾನಿ ತಮ್ಮ ಸಂಗಾತಿ ಸೆರ್ಜೋ ಗಾಲಿಯೋತ್ತಿಯೊಂದಿಗೆ 1975ರಲ್ಲಿ ಕಂಪನಿ ಕಟ್ಟಿದ ಕಥೆ ಮತ್ತು ಅವರ ಬಟ್ಟೆಗಳನ್ನು ಇಟ್ಟಿರುವ ಸಿಲೋಸ್ ಸಂಗ್ರಹಾಲಯ, ಇವೆಲ್ಲ ಒಂದೇ ದಾರಿಯ ಎಳೆಗಳು. ವಾಸ್ತುಶಿಲ್ಪ ಓದಿದ್ದ ವಿನ್ಯಾಸಕ ಜಾನ್‌ಫ್ರಾಂಕೋ ಫೆರ್ರೆ 1970ರ ದಶಕದಲ್ಲಿ ಕೆಲವು ವರ್ಷ ಭಾರತದಲ್ಲಿ ಕೆಲಸ ಮಾಡಿದ್ದರು ಎಂಬ ಸಂಗತಿಗೆ ನಮ್ಮವರು ಯಾವಾಗಲೂ ಖುಷಿಪಡುತ್ತಾರೆ. ಸಮಯವಿದ್ದರೆ ಪೋರ್ತಾ ವೆನೆಝಿಯಾದ ಹಿಂಬದಿಯಲ್ಲಿ, 1930ರ ದಶಕದ ವಿಲ್ಲಾ ನೆಕ್ಕಿ ಎಂಬ ಬಂಗಲೆ ಮತ್ತು ಸೆರ್ಬೆಲ್ಲೋನಿ ಬೀದಿಯಲ್ಲಿ ಗೋಡೆಗೆ ಅಂಟಿಸಿದ ದೊಡ್ಡ ಕಂಚಿನ ಕಿವಿ. ಅದು ಒಂದು ಕಾಲಕ್ಕೆ ಮನೆಯೊಳಗಿನವರೊಂದಿಗೆ ಮಾತಾಡುವ ಸಾಧನವಾಗಿತ್ತು. ಈಗ ಜನ ಅದರಲ್ಲಿ ಹರಕೆ ಪಿಸುಗುಟ್ಟುತ್ತಾರೆ. ಓದುವವರಿಗೆ ಕ್ರಾಮರ್ ಬೀದಿಯ ಆಂತಿಗೋನೆ ಪುಸ್ತಕದ ಅಂಗಡಿ.

ಊಟದ ಬಗ್ಗೆ ನನಗೆ ಸ್ವಲ್ಪ ಹೆಮ್ಮೆಯಿದೆ. ಹಳದಿ ಬಣ್ಣದ ಕೇಸರಿ ರಿಸೊತ್ತೋ ಎಂಬ ಅಕ್ಕಿಯ ಖಾದ್ಯ ಸಸ್ಯಾಹಾರದಂತೆ ಕಂಡರೂ ಸಾಂಪ್ರದಾಯಿಕವಾಗಿ ಅದಕ್ಕೆ ದನದ ಮೂಳೆಮಜ್ಜೆ ಬೀಳುತ್ತದೆ ಎಂಬ ಎಚ್ಚರಿಕೆಯನ್ನು ಕೊಡದ ಮಾರ್ಗದರ್ಶಿಗಳನ್ನು ನಾನು ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ. ಅದಕ್ಕೆ ಬದಲಾಗಿ ಅದೇ ಬಡಾವಣೆಯ ಎರಿಟ್ರಿಯಾ, ಇಥಿಯೋಪಿಯಾದವರ ಹೋಟೆಲುಗಳಿಗೆ ಕಳುಹಿಸುತ್ತೇನೆ. ಹುಳಿ ಬಂದ ಹಿಟ್ಟಿನ, ಸೆಟ್ ದೋಸೆಯನ್ನು ತಟ್ಟೆಯಗಲಕ್ಕೆ ಹಾಸಿದಂಥ ಇಂಜೆರಾದ ಮೇಲೆ ಬೇಳೆ, ಸೊಪ್ಪು, ಕಡಲೆಹಿಟ್ಟಿನ ಗೊಜ್ಜು ಬಡಿಸುತ್ತಾರೆ, ಇಬ್ಬರೂ ಒಂದೇ ತಟ್ಟೆಯಿಂದ ಕೈಯಲ್ಲೇ ತಿನ್ನಬೇಕು, ಇಬ್ಬರಿಗೂ ಸೇರಿ ಮೂವತ್ತು ಯೂರೋ ಒಳಗೆ ಮುಗಿಯುತ್ತದೆ. ಮೂರನೆಯ ದಿನಕ್ಕೆ ಅನ್ನ ಸಾರು ಕೇಳುವ ನಮ್ಮ ಜನರ ಬಾಯಿ ಮುಚ್ಚಿಸಿದ ಊಟ ಇದೊಂದೇ. ವಾರ್ಷಿಕೋತ್ಸವದಂಥ ಸಂದರ್ಭವಿದ್ದವರಿಗೆ ಕಾಸ್ತಾಲ್ದಿ ಬೀದಿಯ ಜೋಯಾ ಇದೆ; 1989ರಲ್ಲಿ ಆರಂಭವಾದ ಈ ಸಸ್ಯಾಹಾರಿ ಹೋಟೆಲಿಗೆ 1996ರಲ್ಲೇ ಮಿಶೆಲಿನ್ ತಾರೆ ಬಂದಿತ್ತು, ಜೇಬು ಮಾತ್ರ ಗಟ್ಟಿಯಿರಬೇಕು.

ವೀಸಾದಲ್ಲಿ ನಷ್ಟ ಕಲಿಸಿದ ಪಾಠವೊಂದಿದೆ. ಇಲ್ಲಿ ನಮ್ಮ ಸಂಬಂಧಕ್ಕೆ ಕಾಗದವಿಲ್ಲದ ಕಾರಣ ಸಂಗಾತಿಯ ಖರ್ಚನ್ನು ನಾನೇ ಭರಿಸುತ್ತೇನೆ ಎಂಬ ಪತ್ರ ಗಂಡಹೆಂಡತಿಯರದ್ದರಷ್ಟು ತೂಗುವುದಿಲ್ಲ. ಸಂಪಾದನೆಯಿಲ್ಲದ ಸಂಗಾತಿಯೊಬ್ಬರ ಅರ್ಜಿ ತಿರಸ್ಕೃತವಾಗಿ, ಇಬ್ಬರ ವಿಮಾನ ಟಿಕೆಟ್ಟಿನ ರದ್ದತಿಗೆ ನಲವತ್ತು ಸಾವಿರದಷ್ಟು ಹೋಯಿತು. ಆಮೇಲಿಂದ ಹಣವನ್ನು ಅವರವರ ಖಾತೆಯಲ್ಲಿ ಆರು ತಿಂಗಳು ಮೊದಲೇ ಇರಿಸುತ್ತೇವೆ, ಅರ್ಜಿಗಳನ್ನು ಬೇರೆಬೇರೆಯಾಗಿ, ಒಂದೇ ವೇಳಾಪಟ್ಟಿಯೊಂದಿಗೆ ಸಲ್ಲಿಸುತ್ತೇವೆ. ಶುಲ್ಕ ಈಗ ತಲೆಗೆ 90 ಯೂರೋ. ದಾರಿಯೂ ಮುಖ್ಯ. ಸಲಿಂಗ ಸಂಬಂಧ ಅಪರಾಧವಾಗಿರುವ ಕೊಲ್ಲಿ ದೇಶಗಳ ಮೂಲಕ ಹೋಗುವುದು ಅಗ್ಗವೇ. ವಿಮಾನ ನಿಲ್ದಾಣದ ಹೊರಗೆ ಕಾಲಿಡುವುದಿಲ್ಲ ಎಂದಾದರೆ ಜೋಡಿಗಳನ್ನು ಹಾಗೆ ಕಳುಹಿಸುತ್ತೇನೆ. ಟ್ರಾನ್ಸ್ ಪ್ರಯಾಣಿಕರಿಗೆ ಮಾತ್ರ ಏಳೆಂಟು ಸಾವಿರ ಹೆಚ್ಚಾದರೂ ದೆಹಲಿಯಿಂದ ನೇರ ವಿಮಾನ, ಮತ್ತು ಪಾಸ್‌ಪೋರ್ಟಿನಲ್ಲಿರುವ ಹೆಸರು ಅಕ್ಷರಶಃ ಟಿಕೆಟ್ಟಿನಲ್ಲೂ ಇರಬೇಕು. ಈ ವಿಷಯದಲ್ಲಿ ಚೌಕಾಶಿ ಮಾಡುವವರನ್ನು ನಾನು ಒಪ್ಪಿಕೊಳ್ಳುವುದಿಲ್ಲ.

ಒಂದೆರಡು ಬದಿಯ ಪ್ರಯೋಗಗಳನ್ನೂ ಮಾಡಿದೆ. ಬೊಲೊನ್ಯಾ ನಗರವನ್ನು ಒಂದು ದಿನಕ್ಕೆ ಸೇರಿಸಿದೆ. 1982ರಲ್ಲೇ ಅಲ್ಲಿನ ನಗರಾಡಳಿತ ಸಲಿಂಗಿಗಳ ಸಂಘಕ್ಕೆ ಕಟ್ಟಡ ಕೊಟ್ಟಿತ್ತೆಂಬ ಚರಿತ್ರೆ ದೊಡ್ಡದಾದರೂ, ವೇಗದ ರೈಲಿನ ಖರ್ಚು ಮತ್ತು ದಣಿವಿಗೆ ಹೋಲಿಸಿದರೆ ಹಿರಿಯ ಜೋಡಿಗಳು ಕೋಮೋ ಸರೋವರದ ದಡದ ವರೆನ್ನಾ ಎಂಬ ಊರನ್ನೇ ಮೆಚ್ಚಿದರು. ಮತ್ತೊಂದು ಜೋಡಿ ಮಿಲಾನಿನಲ್ಲೇ ನಾಗರಿಕ ಒಕ್ಕೂಟ ಮಾಡಿಕೊಳ್ಳಬೇಕೆಂದು ಹಟ ಹಿಡಿದಾಗ ತಿಂಗಳುಗಟ್ಟಲೆ ಕಾಗದಗಳ ಹಿಂದೆ ಓಡಾಡಿದೆ. ಸಿಕ್ಕಿದ್ದರೂ ಸಲಿಂಗ ಮದುವೆಗೆ ಮಾನ್ಯತೆ ಕೊಡಲೊಪ್ಪದ 2023ರ ಅಕ್ಟೋಬರಿನ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಇಲ್ಲಿ ಅದಕ್ಕೆ ಬೆಲೆಯಿಲ್ಲವೆಂದು ಅವರೇ ಕೈಬಿಟ್ಟರು. ಆ ಸೇವೆಯನ್ನು ಕೈಪಿಡಿಯಿಂದ ತೆಗೆದುಹಾಕಿದ್ದೇನೆ, ಕೇಳಬೇಡಿ.

ರಾತ್ರಿಯ ಭಾಗ ಈಗ ಒಂದೂವರೆ ಪುಟ ಮಾತ್ರ. 1980ರಲ್ಲಿ ಆರಂಭವಾದ ಪ್ಲಾಸ್ಟಿಕ್ ಕ್ಲಬ್ಬಿನ ಪರಿಚಯ, ಕೆಲವು ಜಾಗಗಳ ಬಾಗಿಲಲ್ಲಿ ಇಟಲಿಯ ಸಲಿಂಗಿಗಳ ಸಂಘವಾದ ಆರ್ಚಿಗೇಯ ಸದಸ್ಯತ್ವದ ಕಾರ್ಡು ಕೇಳುತ್ತಾರೆ ಎಂಬ ಸೂಚನೆ, ಎಚ್‌ಐವಿ ತಗಲದಂತೆ ತಡೆಯುವ ಪ್ರೆಪ್ ಮಾತ್ರೆ ತೆಗೆದುಕೊಳ್ಳುವವರು ವೈದ್ಯರ ಚೀಟಿಯನ್ನು ಜೊತೆಗಿಟ್ಟುಕೊಳ್ಳಬೇಕೆಂಬ ಮಾತು, ತುರ್ತಿಗೆ 112. ಕೈ ಹಿಡಿದು ನಡೆಯಲು ಪೋರ್ತಾ ವೆನೆಝಿಯಾದಲ್ಲಿ ಅಂಜಬೇಕಾಗಿಲ್ಲ. ತಡರಾತ್ರಿಯ ಸೆಂಟ್ರಲ್ ನಿಲ್ದಾಣದ ಸುತ್ತ ಮತ್ತು ಫುಟ್‌ಬಾಲ್ ಪಂದ್ಯದ ದಿನ ಸಾನ್ ಸೀರೋ ಕ್ರೀಡಾಂಗಣದ ಕಡೆಗೆ ಹೋಗುವ ಮೆಟ್ರೋದಲ್ಲಿ ಸುಮ್ಮನಿರುವುದು ಲೇಸು.

ಒಟ್ಟು ಲೆಕ್ಕ ಹೀಗಿದೆ. ಒಂದು ವಾರಕ್ಕೆ ಇಬ್ಬರಿಗೆ ವಿಮಾನವೂ ಸೇರಿ ಮೂರು, ಮೂರೂಕಾಲು ಲಕ್ಷ ರೂಪಾಯಿ. ಕೈಪಿಡಿಯನ್ನು ಈಗ ಅಚ್ಚು ಹಾಕಿಸುವುದಿಲ್ಲ, ಹೊರಡುವ ಹಿಂದಿನ ವಾರ ಗಂಟೆಗಳನ್ನು ಮತ್ತೆ ಪರಿಶೀಲಿಸಿ ಫೋನಿಗೇ ಕಳುಹಿಸುತ್ತೇನೆ, ಅದಕ್ಕೆ ಸಾವಿರದ ಐನೂರು ರೂಪಾಯಿ ಬೇರೆ. ಲಿಯೊನಾರ್ಡೋ ಬರೆದ ಕೊನೆಯ ಭೋಜನದ ಚಿತ್ರಕ್ಕೆ ಹದಿನೈದೇ ನಿಮಿಷದ ಪ್ರವೇಶವಿದ್ದು ಟಿಕೆಟ್ಟುಗಳು ಬಿಟ್ಟ ಕೂಡಲೇ ಮುಗಿದುಹೋಗುತ್ತವೆ, ಆದರೂ ನನ್ನ ಜೋಡಿಗಳಿಗೆ ಹೇಗೆ ಸಿಗುತ್ತವೆ ಎಂದು ವೃತ್ತಿಯ ಗೆಳೆಯರು ಕೇಳುತ್ತಲೇ ಇರುತ್ತಾರೆ. ಅದನ್ನು ಹೇಳುವುದಿಲ್ಲ. ಪ್ರೈಡ್ ವಾರಕ್ಕೆ ಜನರನ್ನು ಕಳುಹಿಸಬೇಕೆಂದಿರುವವರು ಪೋರ್ತಾ ವೆನೆಝಿಯಾದ ಕೊಠಡಿಗಳಿಗೆ ಫೆಬ್ರವರಿಯೊಳಗೆ ಮುಂಗಡ ಕಟ್ಟಿಬಿಡಿ. ಮಾರ್ಚಿನ ಮೇಲೆ ಉಳಿಯುವುದು ದುಬಾರಿ ಕೊಠಡಿಗಳು ಮಾತ್ರ.