ತಲೆ ಬಿಗಿದರೂ ಬೆಳಕು ಏರದ ಟಾರ್ಚು: ಅಂಚು ಶುಚಿ ಮಾಡುವುದು ಹೇಗೆ?

ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆ ರಾತ್ರಿ ತೋಟಕ್ಕೆ ಹಂದಿ ಓಡಿಸಲು ಹೋಗುವವರಿಗೆ ನಾನು ಹೇಳುವುದು ತಲೆ ತಿರುಗಿಸಿ ಬೆಳಕು ಏರಿಸುವ ಟಾರ್ಚನ್ನೇ. ಸಡಿಲಿಸಿದರೆ ಮಂದ, ಬಿಗಿದರೆ ಪ್ರಖರ. ಒದ್ದೆ ಕೈಯಲ್ಲಿ ಗುಂಡಿ ಹುಡುಕುವ ಗೋಜಿಲ್ಲ. ಆದರೆ ಆಟಿ ತಿಂಗಳ ಮಳೆಯ ತೇವಕ್ಕೆ ಅದು ಮಿಣುಕಲು ಶುರುವಾದರೆ ಜನ ಮರಳು ಕಾಗದ ಹಿಡಿದು ತಿಕ್ಕುತ್ತಾರೆ. ಅಲ್ಲಿಗೆ ಒಳ್ಳೆಯ ಟಾರ್ಚು ಹಾಳು.

ಮೊದಲು ನಿಮ್ಮದು ಯಾವ ಜಾತಿಯದೆಂದು ನೋಡಿ. ತಿರುಗಿಸಿದಾಗ ಬೆಳಕಿನ ವೃತ್ತ ಕಿರಿದಾಗಿ ಅಗಲವಾಗುವುದಷ್ಟೇ ಆದರೆ ಅದು ಮಸೂರ ಸರಿಯುವ ಝೂಮ್ ಟಾರ್ಚು. ಅದಕ್ಕೆ ಮುಂದಿನ ಮಾತು ಅನ್ವಯಿಸದು.

ಒಳಗಿನ ಕೆಲಸ ಹೀಗೆ. ಶೆಲ್ಲಿನ (ಬ್ಯಾಟರಿಯ) ಪ್ಲಸ್ ತುದಿ ತಲೆಯೊಳಗಿನ ಸರ್ಕ್ಯೂಟ್ ಬೋರ್ಡಿನ ನಡುವಿಗೆ ತಾಗುತ್ತದೆ. ಮೈನಸ್ ದಾರಿ ಹಿಂದಿನ ಸ್ಪ್ರಿಂಗಿನಿಂದ ಅಲ್ಯೂಮಿನಿಯಂ ನಳಿಗೆಗೆ, ಅಲ್ಲಿಂದ ಪಿರಿಯ (ತಲೆ ತಿರುಗಿಸಿ ಕೂರಿಸುವ ಸ್ಕ್ರೂ ಗೆರೆಗಳ) ಮೂಲಕ ತಲೆಗೆ. ತಲೆ ಸಡಿಲವಿದ್ದಾಗ ಇದೊಂದೇ ದಾರಿ. ಬಿಗಿದಾಗ ನಳಿಗೆಯ ಬೋಳು ಅಂಚು ಬೋರ್ಡಿನ ಸುತ್ತಲಿನ ಲೋಹದ ಬಳೆಗೆ ಒತ್ತಿ ಇನ್ನೊಂದು ದಾರಿ ತೆರೆಯುತ್ತದೆ. ಸರ್ಕ್ಯೂಟು ಅದನ್ನು ಗುರುತಿಸಿ ಕರೆಂಟು ಹೆಚ್ಚಿಸುತ್ತದೆ. ಸರಳ ಮಾದರಿಗಳಲ್ಲಿ ಮಂದ ಬೆಳಕಿನ ದಾರಿಗೆ ಒಂದು ರೆಸಿಸ್ಟರ್ ಇರುತ್ತದೆ, ಅಂಚು ತಾಗಿದರೆ ಕರೆಂಟು ಅದನ್ನು ಬಿಟ್ಟು ನೇರ ಹರಿಯುತ್ತದೆ. ತಾಗುವ ಜಾಗದಲ್ಲಿ 0.1 ಓಮ್ ತಡೆ ಇದ್ದರೂ 2 ಆಂಪಿಯರ್ ಹರಿಯುವಾಗ 0.2 ವೋಲ್ಟ್ ಅಲ್ಲೇ ನಷ್ಟ. 3.7 ವೋಲ್ಟಿನ ಶೆಲ್ಲಿಗೆ, 3 ವೋಲ್ಟಿನಷ್ಟು ಬೇಡುವ ಎಲ್‌ಇಡಿಗೆ ಅದು ದೊಡ್ಡ ಮೊತ್ತ.

ಹಾಗಾಗಿ ಕೊಳೆ ಎಲ್ಲಿದೆಯೆಂದು ಟಾರ್ಚೇ ಹೇಳುತ್ತದೆ. ಎಷ್ಟು ಬಿಗಿದರೂ ಮಂದವಾಗಿಯೇ ಉರಿದರೆ ಅಂಚು ಅಥವಾ ಬಳೆ ಕೊಳೆಯಾಗಿದೆ. ಬಿಗಿದಾಗ ಸರಿಯಿದ್ದು, ಸಡಿಲಿಸಿದ ಕೂಡಲೇ ಆರಿದರೆ ಪಿರಿ ನೋಡಿ. (ಕೆಲವು ಟಾರ್ಚುಗಳ ಪಿರಿಗೆ ಲೇಪವಿರುತ್ತದೆ; ಸಡಿಲಿಸಿದರೆ ಆರುವುದೇ ಅವುಗಳ ಕ್ರಮ.)

ಶೆಲ್ಲು ತೆಗೆದಿಡಿ. ಪಿರಿಯ ಹಳೆ ಗ್ರೀಸನ್ನು ಒಣ ಹತ್ತಿ ಬಟ್ಟೆಯಿಂದ ಒರೆಸಿ.

ಇನ್ನು ಅಂಚು. ಇಲ್ಲಿ ಆತುರ ಬೇಡ. ಬೆಳಕಿಗೆ ಹಿಡಿದರೆ ಅಂಚಿನ ಮೇಲೆ ಕಪ್ಪು ಪದರ ಕಾಣುತ್ತದೆ. ಅದು ಗ್ರೀಸಿನೊಂದಿಗೆ ಬೆರೆತ ಅಲ್ಯೂಮಿನಿಯಂ ಆಕ್ಸೈಡ್, ಕರೆಂಟು ಬಿಡದು. ಮೆಡಿಕಲ್ ಅಂಗಡಿಯ ಐಸೊಪ್ರೊಪೈಲ್ ಸ್ಪಿರಿಟ್‌ನಲ್ಲಿ ಕಿವಿಕಡ್ಡಿಯ ಹತ್ತಿ ಅದ್ದಿ, ಹಿಂಡಿ, ಅಂಚಿನ ಗುಂಟ ಒಂದೇ ದಿಕ್ಕಿಗೆ ಸುತ್ತಿಸಿ. ಹತ್ತಿ ಕಪ್ಪಾದರೆ ಬದಲಿಸಿ, ಬಿಳಿಯಾಗಿಯೇ ಉಳಿಯುವವರೆಗೂ ಬಿಡಬೇಡಿ. ಉಳಿದ ಕಲೆಗೆ ಪೆನ್ಸಿಲ್ ಅಳಿಸುವ ರಬ್ಬರು ಸಾಕು, ಅದರ ಪುಡಿಯನ್ನು ಊದಿ ತೆಗೆಯಿರಿ. ಮರಳು ಕಾಗದ ಉಜ್ಜಿದರೆ ಅಂಚು ಏರುತಗ್ಗಾಗಿ ಒಂದೆರಡು ಕಡೆ ಮಾತ್ರ ತಾಗುತ್ತದೆ, ಲೋಹದ ಪುಡಿ ಬೋರ್ಡಿನ ಮೇಲೆ ಬಿದ್ದು ಶಾರ್ಟ್ ಆಗಬಹುದು. ಲೇಪವಿರುವ ಪಿರಿಗೆ ಉಜ್ಜಿದರಂತೂ ಸಡಿಲಿಸಿದರೂ ಟಾರ್ಚು ಆರದು.

ತಲೆಯೊಳಗಿನ ಬಳೆಯನ್ನೂ ಹಾಗೆಯೇ ಒರೆಸಿ. ಚಾಕು ತಾಗಿಸಬೇಡಿ, ಅದರ ತೆಳು ಲೇಪ ಎದ್ದುಹೋಗುತ್ತದೆ. ಬಹಳ ಜನ ನೋಡದೇ ಬಿಡುವುದು ಇನ್ನೊಂದಿದೆ: ಬೋರ್ಡನ್ನು ಹಿಡಿದಿಡುವ, ಎರಡು ಕಚ್ಚುಗಳಿರುವ ಲೋಹದ ಉಂಗುರ. ಟಾರ್ಚು ಬಿದ್ದೂ ಬಿದ್ದೂ ಅದು ಸಡಿಲಾಗಿರುತ್ತದೆ. ಕಚ್ಚುಗಳಿಗೆ ಚೂಪು ಚಿಮಟ ಇಟ್ಟು ನಿಧಾನಕ್ಕೆ ಬಿಗಿಯಿರಿ. ಕೆಟ್ಟಿತೆಂದು ಮೂಲೆಗೆ ಬಿದ್ದ ಎಷ್ಟೋ ಟಾರ್ಚುಗಳು ಇಷ್ಟಕ್ಕೇ ಸರಿಯಾಗುತ್ತವೆ.

ಅಡಿಕೆಗೆ ಮದ್ದು ಬಿಟ್ಟ ಕೈಯಲ್ಲಿ ಟಾರ್ಚು ಮುಟ್ಟಲೇಬೇಡಿ. ಮೈಲುತುತ್ತಿನ ತಾಮ್ರ ಅಲ್ಯೂಮಿನಿಯಮನ್ನು ಬೇಗ ತಿನ್ನುತ್ತದೆ.

ಸ್ಪಿರಿಟ್ ಪೂರ್ತಿ ಆರಿದ ಮೇಲೆ ರಬ್ಬರ್ ವಾಷರಿಗೂ ಪಿರಿಗೂ ಸಿಲಿಕೋನ್ ಗ್ರೀಸ್ ತೆಳುವಾಗಿ ಸವರಿ, ಅಂಚಿಗೆ ಬೇಡ. ತೆಂಗಿನೆಣ್ಣೆ ಅಂಟಾಗಿ ಧೂಳು ಹಿಡಿಯುತ್ತದೆ. ಅದನ್ನು ಅಡುಗೆಗೇ ಇಟ್ಟುಕೊಳ್ಳಿ.

ಇಷ್ಟಾದರೂ ಬೆಳಕು ಏರದಿದ್ದರೆ ಶೆಲ್ಲಿನ ಉದ್ದ ಅಳೆಯಿರಿ. ಶೆಲ್ಲಿನ ಅಳತೆ 18650 ಎಂದರೆ 18 ಮಿ.ಮೀ. ದಪ್ಪ, 65 ಮಿ.ಮೀ. ಉದ್ದ. ರಕ್ಷಣಾ ಸರ್ಕ್ಯೂಟ್ ಇರುವವು 69 ಮಿ.ಮೀ.ವರೆಗೂ ಬರುತ್ತವೆ, ಆಗ ಅಂಚು ಬಳೆಯವರೆಗೆ ತಲುಪದಿರಬಹುದು. '9900 ಎಂಎಎಚ್' ಎಂದು ಬರೆದ ಅಗ್ಗದ ಶೆಲ್ಲು ಕೊಳ್ಳಬೇಡಿ, ಆ ಗಾತ್ರದಲ್ಲಿ ಅಷ್ಟು ಶಕ್ತಿ ಹಿಡಿಯುವುದೇ ಇಲ್ಲ. ಟಾರ್ಚಿನ ಜೊತೆ ಬಂದ ಶೆಲ್ಲನ್ನು ಅಂಗಡಿಗೆ ಒಯ್ದು, ಪಕ್ಕದಲ್ಲಿಟ್ಟು, ಅಷ್ಟೇ ಉದ್ದದ್ದನ್ನು ತನ್ನಿ.