ಕಾರ್ಡ್ ಕೆಡಿಸುವ ಆ ಒಂದು ಹೋಲ್: ಹಳ್ಳ, ಇಳಿಜಾರು ದಾಟಿ ಆಡುವುದು ಹೇಗೆ?

ಹದಿನೆಂಟು ಹೋಲ್‌ಗಳಲ್ಲಿ ಹದಿನೇಳನ್ನು ಚೆನ್ನಾಗಿಯೇ ಆಡಿ, ಒಂದರಲ್ಲಿ ಮಾತ್ರ ಒಂಬತ್ತೋ ಹತ್ತೋ ಬರೆದುಕೊಂಡು ಮನೆಗೆ ಬರುವ ಸಂಕಟ ಹವ್ಯಾಸಿ ಗಾಲ್ಫ್ ಆಟಗಾರರಿಗೆ ಚೆನ್ನಾಗಿ ಗೊತ್ತು. ಶಿವಮೊಗ್ಗದಿಂದ ಭಾನುವಾರ ಕಿಟ್ ಹೇರಿಕೊಂಡು ಚಿಕ್ಕಮಗಳೂರಿನ ಗಾಲ್ಫ್ ಕ್ಲಬ್ಬಿಗೋ, ರಜೆ ಸಿಕ್ಕಾಗ ಕೊಡಗಿನ ಬಿಟ್ಟಂಗಾಲಕ್ಕೋ ಹೋಗಿ ಬರುವವರ ಮಾತು ಕೇಳಿ ನೋಡಿ. ಒಟ್ಟು ಸ್ಕೋರ್ ಎಷ್ಟಾಯಿತು ಅನ್ನೋದಕ್ಕಿಂತ ಆ ಒಂದು ಹೋಲಿನ ಕಥೆಯೇ ಜಾಸ್ತಿ ಇರುತ್ತದೆ.

ಮಲೆನಾಡಿನ ನೆಲವೂ ಹಾಗೇ ಇದೆ. ಗುಡ್ಡದ ನೆತ್ತಿಯಲ್ಲಿ ಟೀ (ಮೊದಲ ಹೊಡೆತದ ಜಾಗ), ಕೆಳಗೆ ಹಳ್ಳ, ಆಚೆ ಬದಿಯ ಏರಿನಲ್ಲಿ ಗ್ರೀನ್ (ಗುಳಿ ಇರುವ ನುಣುಪು ಹುಲ್ಲಿನ ಜಾಗ), ಬಲಕ್ಕೆ ಸಿಲ್ವರ್ ಓಕ್ ಸಾಲು. ನೋಡೋಕೆ ಚೆಂದ. ಆಡೋಕೆ ನಿಂತರೆ ಎದೆ ಡವಡವ ಅನ್ನುತ್ತದೆ. ಇಂಥ ಹೋಲಿನಲ್ಲಿ ಮೊದಲ ತಪ್ಪು ಹೊಡೆತಕ್ಕೆ ಹೋಗುವುದು ಒಂದೋ ಎರಡೋ ಸ್ಟ್ರೋಕ್ (ಹೊಡೆತದ ಎಣಿಕೆ) ಅಷ್ಟೇ. ಅದನ್ನು ಒಂದೇ ಏಟಿಗೆ ಸರಿ ಮಾಡಲು ಹೋದಾಗ ಸ್ಕೋರ್ ಕಾರ್ಡ್ ಕೆಡುತ್ತದೆ. ಈ ಲೇಖನದ ಎಲ್ಲ ಹಂತಗಳೂ ಆ ಎರಡನೇ ತಪ್ಪನ್ನು ತಪ್ಪಿಸುವುದಕ್ಕಾಗಿಯೇ ಇವೆ.

ಮೊದಲು ಇಬ್ಬರು ಹವ್ಯಾಸಿಗಳ ಕಥೆ

ಸ್ಕಾಟ್ಲೆಂಡಿನ ರಾಯಲ್ ಟ್ರೂನ್ ಕೋರ್ಸಿನ ಎಂಟನೇ ಹೋಲಿಗೆ 'ಪೋಸ್ಟೇಜ್ ಸ್ಟ್ಯಾಂಪ್' ಎಂದು ಹೆಸರು. ಗ್ರೀನ್ ಅಷ್ಟು ಚಿಕ್ಕದು. ಉದ್ದ ಬರೀ 123 ಯಾರ್ಡ್, ಅಂದರೆ 112 ಮೀಟರ್. ಸುತ್ತ ಆಳವಾದ ಬಂಕರ್‌ಗಳು, ಅಂದರೆ ಮರಳಿನ ಗುಂಡಿಗಳು. 1950ರ ಓಪನ್ ಚಾಂಪಿಯನ್‌ಶಿಪ್‌ನಲ್ಲಿ ಜರ್ಮನಿಯ ಹವ್ಯಾಸಿ ಆಟಗಾರ ಹರ್ಮನ್ ಟಿಸ್ಸೀಸ್ ಇಲ್ಲಿ 15 ಸ್ಟ್ರೋಕ್ ತೆಗೆದುಕೊಂಡರು. ಒಂದು ಬಂಕರ್‌ನಿಂದ ಹೊಡೆದರೆ ಚೆಂಡು ಇನ್ನೊಂದು ಬಂಕರಿಗೆ, ಅಲ್ಲಿಂದ ಮತ್ತೆ ಈ ಕಡೆಗೆ. ಆ 15ರಲ್ಲಿ ಪಟ್ (ಚೆಂಡನ್ನು ನೆಲದ ಮೇಲೆ ಉರುಳಿಸುವ ಹೊಡೆತ) ಒಂದೇ. ಅದೇ ಹೋಲಿನಲ್ಲಿ 1973ರಲ್ಲಿ 71 ವರ್ಷದ ವೃತ್ತಿಪರ ಆಟಗಾರ ಜೀನ್ ಸಾರಜೆನ್ ಒಂದೇ ಹೊಡೆತಕ್ಕೆ ಚೆಂಡನ್ನು ಗುಳಿಗೆ ಇಳಿಸಿದರು. ಮರುದಿನ ಬಂಕರ್‌ನಿಂದಲೇ ನೇರವಾಗಿ ಗುಳಿಗೆ ಹಾಕಿ ಎರಡಕ್ಕೆ ಮುಗಿಸಿದರು.

ಇನ್ನೊಂದು ಕಥೆ ಅಮೆರಿಕದ ಫ್ಲಾರಿಡಾದ್ದು. ಸಾಗ್ರಾಸ್ ಕೋರ್ಸಿನ 17ನೇ ಹೋಲಿನಲ್ಲಿ ಗ್ರೀನ್ ಇರುವುದು ನೀರಿನ ನಡುವೆ. ವಿನ್ಯಾಸ ಪೀಟ್ ಡೈ ಅವರದು, ದ್ವೀಪದಂಥ ಗ್ರೀನ್ ಮಾಡೋಣ ಎಂಬ ಸಲಹೆ ಅವರ ಹೆಂಡತಿ ಆಲಿಸ್ ಡೈ ಅವರದು. ಉದ್ದ 137 ಯಾರ್ಡ್. ವರ್ಷಕ್ಕೆ ಲಕ್ಷಕ್ಕೂ ಹೆಚ್ಚು ಚೆಂಡು ಆ ನೀರಿಗೆ ಬೀಳುತ್ತವೆ. 1985ರಲ್ಲಿ ಗಾಲ್ಫ್ ಪತ್ರಿಕೆಯೊಂದು ಏರ್ಪಡಿಸಿದ್ದ ಹವ್ಯಾಸಿಗಳ ಪಂದ್ಯದಲ್ಲಿ ಏಂಜೆಲೊ ಸ್ಪಾನ್ಯೋಲೊ ಎಂಬುವರು ಇಲ್ಲಿ 66 ಸ್ಟ್ರೋಕ್ ತೆಗೆದುಕೊಂಡರು. 27 ಚೆಂಡು ನೀರುಪಾಲಾದವು. ಕೊನೆಗೆ ಗ್ರೀನಿಗೆ ಹೋಗುವ ಕಾಲುದಾರಿಯ ಮೇಲೆ ಚೆಂಡನ್ನು ಪಟ್ ಮಾಡಿಕೊಂಡೇ ಹೋಗಿ ಮುಗಿಸಿದರು. ಮುಗಿಸಿದರಲ್ಲ, ಅದನ್ನು ನಾನು ಮನಸಾರೆ ಮೆಚ್ಚುತ್ತೇನೆ.

ಎರಡೂ ಚಿಕ್ಕ ಹೋಲ್‌ಗಳು ಎಂಬುದನ್ನು ಗಮನಿಸಿ. ವೃತ್ತಿಪರರಿಗೆ ಉದ್ದದ ಪಾರ್-4 (ನಾಲ್ಕು ಹೊಡೆತಕ್ಕೆ ಮುಗಿಸಬೇಕಾದ ಹೋಲ್) ಕಷ್ಟ. ನಮ್ಮಂಥವರನ್ನು ಕೆಡವುವುದು ಚೆಂಡು ಗಾಳಿಯಲ್ಲೇ ದಾಟಬೇಕಾದ ನೀರು, ಹಳ್ಳ, ಮತ್ತು ಹೊರಬರಲಾಗದ ಬಂಕರ್.

ಹಂತ 1: ಗ್ರೀನಿನಿಂದ ಹಿಂದಕ್ಕೆ ನೋಡಿ

ಟೀ ಮೇಲೆ ನಿಂತಾಗ ಕಣ್ಣು ಹಳ್ಳದ ಮೇಲೇ ಇರುತ್ತದೆ. ಅದನ್ನು ಬಿಟ್ಟು ಮೊದಲು ಗ್ರೀನ್ ನೋಡಿ. ಅದರ ಯಾವ ಬದಿಯಲ್ಲಿ ಚೆಂಡು ಬಿದ್ದರೆ ಇನ್ನೂ ಆಡಬಹುದು? ಯಾವ ಬದಿಯಲ್ಲಿ ಬಿದ್ದರೆ ಕಥೆ ಮುಗಿಯಿತು? ಗುಡ್ಡದ ಬದಿಯ ಗ್ರೀನಿನಲ್ಲಿ ಸಾಮಾನ್ಯವಾಗಿ ಮೇಲಿನ ಬದಿ ಸುರಕ್ಷಿತ ಅನಿಸುತ್ತದೆ, ಚೆಂಡು ಕೆಳಗೆ ಉರುಳಿ ಬರುತ್ತದಲ್ಲ ಅಂತ. ಆದರೆ ಅಲ್ಲಿಂದ ಮುಂದಿನ ಹೊಡೆತ ಇಳಿಜಾರಿನಲ್ಲಿ ಓಡುತ್ತದೆ. ಮುಂಭಾಗದಲ್ಲಿ, ಗ್ರೀನಿಗೆ ಹತ್ತು ಯಾರ್ಡ್ ಮೊದಲೇ ನಿಂತ ಚೆಂಡು ಎಷ್ಟೋ ವಾಸಿ.

ಚೆನ್ನಾಗಿ ಕಟ್ಟಿದ ಕಷ್ಟದ ಹೋಲಿನಲ್ಲಿ ಸಾಮಾನ್ಯವಾಗಿ ಪಕ್ಕದ ದಾರಿಯೊಂದು ಇರುತ್ತದೆ. ಕ್ಯಾಲಿಫೋರ್ನಿಯಾದ ಸೈಪ್ರೆಸ್ ಪಾಯಿಂಟ್ ಕೋರ್ಸಿನ 16ನೇ ಹೋಲ್ ಪಾರ್-3. 200 ಯಾರ್ಡಿಗೂ ಜಾಸ್ತಿ ದೂರ, ನಡುವೆ ಪೆಸಿಫಿಕ್ ಸಾಗರ. ಅಲ್ಲೂ ಎಡಕ್ಕೆ ಹುಲ್ಲಿನ ಜಾಗವಿದೆ. ಅಲ್ಲಿಗೆ ಹೊಡೆದು, ಮುಂದಿನದನ್ನು ಗ್ರೀನಿಗೆ ಹಾಕಿ, ನಾಲ್ಕಕ್ಕೆ ಮುಗಿಸಬಹುದು. ನಿಮ್ಮ ಹೋಲಿನಲ್ಲಿ ಆ ಎಡಗಡೆ ಎಲ್ಲಿದೆ ಎಂದು ಕ್ಯಾಡಿಯನ್ನು (ಕಿಟ್ ಹೊತ್ತು ಜೊತೆಗೆ ಬರುವವರನ್ನು) ಕೇಳಿ. ದಿನಾ ಅಲ್ಲೇ ಓಡಾಡುವವರಿಗೆ ಗೊತ್ತಿರುವಷ್ಟು ನಮಗೆ ಗೊತ್ತಿರಲ್ಲ.

ಹಂತ 2: ನಿಮ್ಮ ಪಾರ್ ನೀವೇ ಬರೆದುಕೊಳ್ಳಿ

ಪಾರ್ ಅಂದರೆ ನುರಿತ ಆಟಗಾರ ಆ ಹೋಲ್ ಮುಗಿಸಬೇಕಾದ ಹೊಡೆತಗಳ ಸಂಖ್ಯೆ. ಒಂದು ಜಾಸ್ತಿಯಾದರೆ ಬೋಗಿ. ನಿಮ್ಮ ಹ್ಯಾಂಡಿಕ್ಯಾಪ್ (ಆಟದ ಮಟ್ಟಕ್ಕೆ ತಕ್ಕಂತೆ ಸಿಗುವ ಹೆಚ್ಚುವರಿ ಸ್ಟ್ರೋಕ್‌ಗಳ ಲೆಕ್ಕ) 18 ಇದ್ದರೆ ಪ್ರತಿ ಹೋಲಿಗೂ ಒಂದು ಸ್ಟ್ರೋಕ್ ಸಿಗುತ್ತದೆ. ಹಾಗಾಗಿ 410 ಯಾರ್ಡಿನ ಪಾರ್-4 ನಿಮಗೆ ಪಾರ್-5 ಇದ್ದ ಹಾಗೆ. ಲೆಕ್ಕ ಹಾಕಿ: 150, 140, 120. ಒಟ್ಟು 410. ಮೂರೂ ಐರನ್ ಹೊಡೆತಗಳು, ಅಂದರೆ ಮಧ್ಯಮ ದೂರದ ಕ್ಲಬ್ಬಿನವು (ಕ್ಲಬ್ ಅಂದರೆ ಚೆಂಡು ಹೊಡೆಯುವ ಕೋಲು). ಅತಿ ದೂರ ಹೊಡೆಯುವ ಕ್ಲಬ್ಬಾದ ಡ್ರೈವರ್ ಚೀಲದಿಂದ ಹೊರಗೆ ಬರಲೇ ಬೇಕಿಲ್ಲ. ಮೂರರಲ್ಲಿ ಗ್ರೀನ್, ಎರಡು ಪಟ್, ಬೋಗಿ.

ಕಾರ್ಡಿನಲ್ಲಿ ಪ್ರತಿ ಹೋಲಿಗೂ ಸ್ಟ್ರೋಕ್ ಇಂಡೆಕ್ಸ್ ಎಂಬ ಸಂಖ್ಯೆ ಇರುತ್ತದೆ, 1 ಅಂದರೆ ಅತಿ ಕಷ್ಟ, 18 ಅಂದರೆ ಅತಿ ಸುಲಭ ಎಂದು ಸಾಮಾನ್ಯವಾಗಿ ತಿಳಿಯುತ್ತಾರೆ. ಅದನ್ನು ನೋಡಿ ಮೋಸ ಹೋಗಬೇಡಿ. ಚಿಕ್ಕ ಪಾರ್-3ಗಳಿಗೆ ಹೆಚ್ಚಾಗಿ ಕೊನೆಯ ಸಂಖ್ಯೆಗಳೇ ಬರುತ್ತವೆ, ಆದರೆ ಚೆಂಡುಗಳು ಜಾಸ್ತಿ ಕಳೆಯುವುದು ಅಲ್ಲೇ.

ಹಂತ 3: ಹಳ್ಳ ದಾಟುವ ಲೆಕ್ಕ

ನಿಮ್ಮ 7 ಐರನ್ ಎಷ್ಟು ದೂರ ಹೋಗುತ್ತದೆ ಎಂದು ಕೇಳಿದರೆ ಎಲ್ಲರೂ ತಮ್ಮ ಅತ್ಯುತ್ತಮ ಹೊಡೆತವನ್ನೇ ಹೇಳುತ್ತಾರೆ. ಅದೂ ಚೆಂಡು ಬಿದ್ದು ಉರುಳಿ ನಿಂತ ಜಾಗದವರೆಗೆ. ಹಳ್ಳಕ್ಕೆ ಆ ಲೆಕ್ಕ ನಡೆಯಲ್ಲ. ಚೆಂಡು ನೆಲ ಮುಟ್ಟುವವರೆಗಿನ ದೂರ ಮಾತ್ರ ಬೇಕು, ಅದೂ ಸಾಧಾರಣ ಹೊಡೆತದ್ದು. ರೇಂಜಿನಲ್ಲಿ (ಅಭ್ಯಾಸದ ಬಯಲಿನಲ್ಲಿ) ಒಂದೇ ಕ್ಲಬ್ಬಿನಿಂದ ಹತ್ತು ಚೆಂಡು ಹೊಡೆದು, ಚೆನ್ನಾಗಿ ಹೋದ ಮೂರು, ಕೆಟ್ಟು ಹೋದ ಮೂರು ಬಿಟ್ಟು, ಮಧ್ಯದ ನಾಲ್ಕು ಎಲ್ಲಿ ಬಿದ್ದವು ಎಂದು ನೋಡಿ. ಅದೇ ನಿಮ್ಮ ನಿಜವಾದ ದೂರ.

ಆಮೇಲೆ ಎತ್ತರ ಸೇರಿಸಿ. ಗ್ರೀನ್ ನಿಮ್ಮ ಪಾದಕ್ಕಿಂತ ಹತ್ತು ಯಾರ್ಡ್ ಮೇಲಿದ್ದರೆ ದೂರಕ್ಕೂ ಸುಮಾರು ಹತ್ತು ಯಾರ್ಡ್ ಸೇರಿಸಿಕೊಳ್ಳಿ. ಕೆಳಗಿದ್ದರೆ ಅಷ್ಟೇ ಕಳೆಯಿರಿ. ಕೊನೆಗೆ ಬಂದ ಲೆಕ್ಕಕ್ಕಿಂತ ಒಂದು ಕ್ಲಬ್ ದೊಡ್ಡದು (ಇನ್ನೂ ದೂರ ಹೋಗುವುದು) ಹಿಡಿದು, ಅವಸರ ಮಾಡದೆ ಬೀಸಿ. ಜೋರಾಗಿ ಹೊಡೆಯಬೇಕು ಅನಿಸಿತು ಅಂದರೆ ಕ್ಲಬ್ ಚಿಕ್ಕದಾಯಿತು ಅಂತಲೇ ಅರ್ಥ.

ಹಂತ 4: ಇಳಿಜಾರಿನಲ್ಲಿ ನಿಲ್ಲುವುದು

ಮಲೆನಾಡಿನಲ್ಲಿ ಆಡುವವರು ಕಲಿಯಲೇಬೇಕಾದದ್ದು ಇದು. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ. ಹೇಳುತ್ತಿರುವುದು ಬಲಗೈ ಆಟಗಾರರಿಗೆ. ಎಡಗೈಯವರು ಎಡ ಬಲ ಅದಲು ಬದಲು ಮಾಡಿಕೊಳ್ಳಿ.

ಚೆಂಡು ಪಾದಕ್ಕಿಂತ ಮೇಲಿದ್ದರೆ ಅದು ಎಡಕ್ಕೆ ಹೋಗುತ್ತದೆ. ಕ್ಲಬ್ಬನ್ನು ಒಂದು ಅಂಗುಲ ಕೆಳಗೆ ಹಿಡಿಯಿರಿ, ಸ್ವಲ್ಪ ನೆಟ್ಟಗೆ ನಿಲ್ಲಿ, ಗುರಿಯನ್ನು ಬಲಕ್ಕೆ ಇಡಿ. ಕೈಯಲ್ಲಿ ವೆಡ್ಜ್ (ಮುಖ ತುಂಬ ಓರೆಯಿರುವ ಕ್ಲಬ್) ಇದ್ದರೆ ಇನ್ನೂ ಬಲಕ್ಕೆ, ಏಕೆಂದರೆ ಕ್ಲಬ್ಬಿನ ಮುಖ ಓರೆಯಾದಷ್ಟೂ ಚೆಂಡು ಎಡಕ್ಕೆ ಎಳೆಯುವುದು ಜಾಸ್ತಿ.

ಚೆಂಡು ಪಾದಕ್ಕಿಂತ ಕೆಳಗಿದ್ದರೆ ಬಲಕ್ಕೆ ಹೋಗುತ್ತದೆ. ಇಳಿಜಾರಿನ ನಾಲ್ಕು ಬಗೆಗಳಲ್ಲಿ ಇದೇ ಹೆಚ್ಚು ಕಷ್ಟ. ಮಂಡಿ ಚೆನ್ನಾಗಿ ಬಗ್ಗಿಸಿ, ಕಾಲು ಅಗಲಿಸಿ, ಹೊಡೆದು ಮುಗಿಯುವವರೆಗೂ ಆ ಮಂಡಿಯ ಬಾಗು ಬಿಡಬೇಡಿ. ಎದ್ದಿರೋ, ಕ್ಲಬ್ ಚೆಂಡಿನ ತಲೆ ಸವರಿ ಹೋಗುತ್ತದೆ. ಇಲ್ಲಿ ಮುಕ್ಕಾಲು ಬೀಸು ಸಾಕು, ಪೂರ್ತಿ ಬೀಸಿದರೆ ಮೈ ಕೆಳಕ್ಕೆ ಜಾರುತ್ತದೆ.

ಏರಿಗೆ ಮುಖ ಮಾಡಿ ಹೊಡೆಯುವಾಗ ಭುಜಗಳ ರೇಖೆ ನೆಲದ ಏರಿಗೆ ಸಮವಾಗಿರಲಿ. ಚೆಂಡು ಎತ್ತರ ಹಾರುತ್ತದೆ, ದೂರ ಕಡಿಮೆ. ಅದಕ್ಕೆ ಒಂದು ಕ್ಲಬ್ ದೊಡ್ಡದು. ಇಳಿಜಾರಿಗೆ ಮುಖ ಮಾಡಿದರೆ ಚೆಂಡನ್ನು ಬಲಗಾಲಿನ ಕಡೆ ಇಟ್ಟುಕೊಳ್ಳಿ, ಭಾರ ಎಡಗಾಲಿನ ಮೇಲಿರಲಿ, ಹೊಡೆದ ಮೇಲೆ ಕ್ಲಬ್ ಇಳಿಜಾರಿನ ಗುಂಟ ಕೆಳಗೇ ಹೋಗಲಿ. ಚೆಂಡನ್ನು ಮೇಲಕ್ಕೆ ಎತ್ತೋಣ ಅಂತ ಹಿಂದಕ್ಕೆ ವಾಲಿದರೆ ಮೊದಲು ಮಣ್ಣಿಗೆ ಏಟು. ಚೆಂಡು ತಗ್ಗಾಗಿ ಹಾರಿ ಬಿದ್ದ ಮೇಲೆ ಓಡುತ್ತದೆ, ಅದಕ್ಕೆ ಜಾಗ ಬಿಟ್ಟುಕೊಳ್ಳಿ.

ಹಂತ 5: ಸಿಕ್ಕಿಬಿದ್ದರೆ ಹೊರಗೆ ಬನ್ನಿ

ಟೀಯಿಂದ ಹೊಡೆದ ಚೆಂಡು ತೋಟದ ಕಡೆ ಹೋಯಿತು, ಸಿಗುತ್ತೋ ಇಲ್ವೋ ಅನುಮಾನ ಅನ್ನಿ. 'ಪ್ರಾವಿಷನಲ್' (ತಾತ್ಕಾಲಿಕ ಚೆಂಡು) ಎಂದು ಬಾಯಿಬಿಟ್ಟು ಹೇಳಿ ಇನ್ನೊಂದು ಚೆಂಡು ಹೊಡೆಯಿರಿ. ಹೇಳದಿದ್ದರೆ ಅದೇ ನಿಮ್ಮ ಆಟದ ಚೆಂಡಾಗಿಬಿಡುತ್ತದೆ. ಹುಡುಕಲು 2019ರ ನಿಯಮದ ಪ್ರಕಾರ ಮೂರು ನಿಮಿಷ ಮಾತ್ರ, ಮೊದಲು ಐದಿತ್ತು.

ಹಳ್ಳಕ್ಕೆ ಬಿದ್ದರೆ ಗೂಟದ ಬಣ್ಣ ನೋಡಿ. ಹಳದಿ ಅಥವಾ ಕೆಂಪು, ದಂಡ ಒಂದೇ ಸ್ಟ್ರೋಕ್. ಹಿಂದಿನ ಜಾಗದಿಂದಲೇ ಮತ್ತೆ ಹೊಡೆಯಬಹುದು. ಇಲ್ಲವೇ ಚೆಂಡು ಗಡಿ ದಾಟಿದ ಜಾಗ ಮತ್ತು ಗುಳಿಯನ್ನು ಸೇರಿಸುವ ಗೆರೆಯ ಮೇಲೆ ಎಷ್ಟು ಹಿಂದಕ್ಕೆ ಬೇಕಾದರೂ ಹೋಗಿ ಡ್ರಾಪ್ ಮಾಡಬಹುದು, ಅಂದರೆ ಚೆಂಡನ್ನು ಕೈಯಿಂದ ಕೆಳಗೆ ಬಿಟ್ಟು ಆಡಬಹುದು. ಗೂಟ ಕೆಂಪಾಗಿದ್ದರೆ ಇನ್ನೊಂದು ಅನುಕೂಲ: ಗಡಿ ದಾಟಿದ ಜಾಗದಿಂದ ಎರಡು ಕ್ಲಬ್ ಅಳತೆಯೊಳಗೆ, ಗುಳಿಗೆ ಹತ್ತಿರವಾಗದ ಹಾಗೆ, ಪಕ್ಕದಲ್ಲೇ ಡ್ರಾಪ್ ಮಾಡಬಹುದು. ಗೂಟ ಬಿಳಿಯಾಗಿದ್ದರೆ ಅದು ಹೊರಗಡಿ, ಮೊದಲಿನ ಜಾಗಕ್ಕೇ ಹೋಗಬೇಕು.

ಬಂಕರಿನಲ್ಲಿ ಚೆಂಡು ಗೋಡೆಗೆ ಅಂಟಿಕೊಂಡು ನಿಂತಿದ್ದರೆ ಮುಂದಕ್ಕೇ ಹೊಡೆಯಬೇಕು ಅಂತೇನೂ ಇಲ್ಲ. ಪಕ್ಕಕ್ಕೆ, ಬೇಕಾದರೆ ಹಿಂದಕ್ಕೆ ಹೊಡೆಯಿರಿ. ಅದೂ ಆಗದಿದ್ದರೆ ಚೆಂಡನ್ನು 'ಅನ್‌ಪ್ಲೇಯಬಲ್' (ಆಡಲಾಗದ್ದು) ಎಂದು ಹೇಳಿ, ಎರಡು ಸ್ಟ್ರೋಕ್ ದಂಡ ತೆತ್ತು, ಬಂಕರಿನ ಹಿಂದೆ ಹೊರಗೇ ಡ್ರಾಪ್ ಮಾಡಬಹುದು. ಇದೂ 2019ರಲ್ಲೇ ಬಂದ ಅವಕಾಶ. ಟಿಸ್ಸೀಸ್ ಆಡುವ ಕಾಲಕ್ಕೆ ಇದು ಇದ್ದಿದ್ದರೆ ಆ 15 ಎಷ್ಟಕ್ಕೆ ಇಳಿಯುತ್ತಿತ್ತೋ!

ಮರಗಳ ನಡುವೆ ಸಿಕ್ಕಿದಾಗಲೂ ಇದೇ ಮಾತು. ಎರಡು ಸಿಲ್ವರ್ ಓಕ್ ನಡುವಿನ ಸಂದಿಯಲ್ಲಿ ಗ್ರೀನ್ ಕಾಣುತ್ತಿದೆ ಅಂತ ಆಸೆಪಡಬೇಡಿ. ವೆಡ್ಜ್ ತೆಗೆದು ಫೇರ್‌ವೇಗೆ (ಟೀಯಿಂದ ಗ್ರೀನಿನವರೆಗಿನ ಕತ್ತರಿಸಿದ ಹುಲ್ಲಿನ ದಾರಿಗೆ) ಅಡ್ಡ ಹೊಡೆಯಿರಿ.

ಹಂತ 6: ಗ್ರೀನ್ ಮುಟ್ಟಿದ ಮೇಲೂ

1978ರ ಓಪನ್‌ನಲ್ಲಿ ಜಪಾನಿನ ಟಾಮಿ ನಕಜಿಮಾ ಸೇಂಟ್ ಆಂಡ್ರೂಸ್‌ನ 17ನೇ ಹೋಲಿನಲ್ಲಿ ಎರಡೇ ಹೊಡೆತಕ್ಕೆ ಗ್ರೀನ್ ಮುಟ್ಟಿದ್ದರು. ಅಲ್ಲಿಂದ ಮಾಡಿದ ಪಟ್ ಇಳಿಜಾರಿನಲ್ಲಿ ಉರುಳಿ ರೋಡ್ ಬಂಕರಿಗೆ ಬಿತ್ತು. ಹೊರಬರಲು ನಾಲ್ಕು ಹೊಡೆತ ಬೇಕಾಯಿತು, ಒಟ್ಟು ಒಂಬತ್ತು. ಹಾಗಾಗಿ ಇಳಿಜಾರಿನ ಗ್ರೀನಿನಲ್ಲಿ ಮೊದಲ ಪಟ್ ಗುಳಿಯ ಕೆಳಬದಿಯಲ್ಲಿ ನಿಲ್ಲುವ ಹಾಗೆ ನೋಡಿಕೊಳ್ಳಿ. ಏರಿಗೆ ಮಾಡುವ ಮೂರಡಿ ಪಟ್ಟಿಗೆ ಹೆದರಿಕೆ ಇಲ್ಲ.

ಮಳೆಗಾಲದ ಸಂಗತಿ

ಆರಿದ್ರಾ, ಪುನರ್ವಸು ಹಿಡಿದ ಮೇಲೆ ನೆಲ ಚೆಂಡನ್ನು ಉರುಳಗೊಡಲ್ಲ. ಬಿದ್ದಲ್ಲೇ ನಿಲ್ಲುತ್ತದೆ, ಎಷ್ಟೋ ಸಲ ಹೂತುಕೊಳ್ಳುತ್ತದೆ. ಬಂಕರ್ ಮತ್ತು ಗೂಟ ಹಾಕಿದ ಹಳ್ಳದ ಜಾಗ ಬಿಟ್ಟು ಉಳಿದ ಕಡೆ ಹೂತ ಚೆಂಡನ್ನು ದಂಡವಿಲ್ಲದೆ ತೆಗೆದು, ಒರೆಸಿ, ಅದರ ಹಿಂದೆ ಒಂದು ಕ್ಲಬ್ ಅಳತೆಯೊಳಗೆ ಡ್ರಾಪ್ ಮಾಡಬಹುದು. ಫೇರ್‌ವೇಯಲ್ಲಿ ತಾತ್ಕಾಲಿಕವಾಗಿ ನಿಂತ ಮಳೆನೀರಿಗೂ ದಂಡವಿಲ್ಲ. ಈ ನಿಯಮ ಗೊತ್ತಿಲ್ಲದೆ ಕೆಸರಿನಲ್ಲಿ ಹೋರಾಡುವವರನ್ನು ಕಂಡರೆ ಅಯ್ಯೋ ಅನಿಸುತ್ತದೆ. ಮಂಜು ಕವಿದು ಮುಂದಿನ ತಂಡ ಕಾಣದಿದ್ದರೆ ಕಾಯಿರಿ. ಗುಡುಗು ಕೇಳಿಸಿತೋ, ಕ್ಲಬ್ ಕೆಳಗಿಟ್ಟು ಕಟ್ಟಡದ ಒಳಗೆ ಹೋಗಿ, ಮರದ ಕೆಳಗಲ್ಲ.

ಇಷ್ಟಾದರೂ ಕೆಟ್ಟರೆ?

2020ರಿಂದ ಜಾರಿಗೆ ಬಂದ ವಿಶ್ವ ಹ್ಯಾಂಡಿಕ್ಯಾಪ್ ಪದ್ಧತಿಯಲ್ಲಿ ಒಂದು ಹೋಲಿಗೆ ಮಿತಿ ಇದೆ: ಪಾರ್, ಅದರ ಮೇಲೆ ಎರಡು, ಜೊತೆಗೆ ಆ ಹೋಲಿನಲ್ಲಿ ನಿಮಗೆ ಸಿಗುವ ಸ್ಟ್ರೋಕ್. 18 ಹ್ಯಾಂಡಿಕ್ಯಾಪ್‌ನವರಿಗೆ ಪಾರ್-4ರಲ್ಲಿ 4+2+1, ಅಂದರೆ ಏಳು. ನೀವು ಹನ್ನೊಂದು ಹೊಡೆದಿದ್ದರೂ ಹ್ಯಾಂಡಿಕ್ಯಾಪ್ ಲೆಕ್ಕಕ್ಕೆ ಏಳೇ. ಸ್ನೇಹಿತರ ಜೊತೆಗಿನ ಆಟದಲ್ಲಿ ಅಷ್ಟಾದ ಮೇಲೆ ಚೆಂಡು ಎತ್ತಿಕೊಂಡು ಮುಂದಿನ ಟೀಗೆ ನಡೆಯಿರಿ. ಒಟ್ಟು ಹೊಡೆತ ಎಣಿಸುವ ಸ್ಟ್ರೋಕ್ ಪ್ಲೇ ಸ್ಪರ್ಧೆಯಲ್ಲಿ ಮಾತ್ರ ಗುಳಿಗೆ ಹಾಕಿಯೇ ಮುಗಿಸಬೇಕು.

ಅಭ್ಯಾಸ ಎಲ್ಲಿ?

ರೇಂಜಿನ ಚಾಪೆ ಸಮತಟ್ಟು, ಅಲ್ಲಿ ಇಳಿಜಾರು ಕಲಿಯೋಕಾಗಲ್ಲ. ಊರಿನಲ್ಲಿ ನಿಮ್ಮದೇ ಬ್ಯಾಣ (ಹುಲ್ಲುಗಾವಲು) ಇದ್ದರೆ ಅದಕ್ಕಿಂತ ಒಳ್ಳೆ ಜಾಗ ಬೇಡ. ತೂತಿರುವ ಪ್ಲಾಸ್ಟಿಕ್ ಚೆಂಡುಗಳನ್ನು ತನ್ನಿ, ಅವು ದೂರ ಹೋಗಲ್ಲ. ದನ, ಜನ ಇಲ್ಲದ ಹೊತ್ತು ನೋಡಿಕೊಳ್ಳಿ. ಒಂದು 8 ಐರನ್ ಸಾಕು. ಪಾದಕ್ಕಿಂತ ಮೇಲೆ ಹತ್ತು, ಕೆಳಗೆ ಹತ್ತು, ಏರಿಗೆ ಹತ್ತು, ಇಳಿಜಾರಿಗೆ ಹತ್ತು. ಪ್ರತಿ ಸಲವೂ ಹೊಡೆಯುವ ಮೊದಲು ಚೆಂಡು ಯಾವ ಕಡೆ ತಿರುಗುತ್ತದೆ ಎಂದು ಜೋರಾಗಿ ಹೇಳಿ, ಆಮೇಲೆ ಹೊಡೆಯಿರಿ. ಮಳೆಗಾಲದಲ್ಲಿ ಹೋಗುವುದಾದರೆ ಕಾಲಿಗೆ ಉಪ್ಪೋ ಸುಣ್ಣವೋ ಸವರಿಕೊಂಡು ಹೋಗಿ, ಇಲ್ಲದಿದ್ದರೆ ಉಂಬಳ (ಜಿಗಣೆ) ಬಿಡಲ್ಲ.