ಬೀಗ ಗಟ್ಟಿಯಿದ್ದರೆ ಸಾಲದು

ಮನೆಗೆ ನುಗ್ಗುವ ಕಳ್ಳರು ಎಷ್ಟೋ ಸಲ ಬೀಗ ಒಡೆಯಲು ಹೋಗುವುದಿಲ್ಲ. ಬೀಗ ನೇತಾಡುವ ಚಿಲಕವನ್ನೇ ಕೀಳುತ್ತಾರೆ. ಮೈಸೂರಿನಲ್ಲಿ ನಮ್ಮ ಹಿಂದಿನ ಬೀದಿಯ ಒಂದು ಮನೆಯಲ್ಲಿ ಕಳವಾದಾಗ ಇದನ್ನು ಕಣ್ಣಾರೆ ಕಂಡೆ. ದಪ್ಪನೆಯ ಒಳ್ಳೆ ಬೀಗ, ಹಾಕಿದ್ದು ಹಾಕಿದ ಹಾಗೇ ನೆಲದ ಮೇಲೆ ಬಿದ್ದಿತ್ತು. ಪಕ್ಕದಲ್ಲಿ ಸೊಟ್ಟಗಾದ ಚಿಲಕ, ಅದನ್ನು ಹಿಡಿದಿದ್ದ ಪುಟ್ಟ ಪುಟ್ಟ ಸ್ಕ್ರೂಗಳು. ಮನೆಯವರು ಮದುವೆಗೆ ಹೋಗಿ ಸಂಜೆ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮೀಟಿದ್ದು ಕೂಡ ಅವರದೇ ಹಾರೆಯಿಂದ. ತೆಂಗಿನ ಗಿಡಕ್ಕೆ ಪಾತಿ ಮಾಡಲು ತಂದು ಅಂಗಳದಲ್ಲೇ ಬಿಟ್ಟಿದ್ದರು.

ನಮ್ಮದು 30×40 ಸೈಟಿನಲ್ಲಿರುವ ಸಾಧಾರಣ ಮನೆ. ಹಗಲು ನಾವಿಬ್ಬರೂ ಕೆಲಸಕ್ಕೆ ಹೋಗುತ್ತೇವೆ, ಮಗ ಕಾಲೇಜಿಗೆ. ಅತ್ತೆ ಊರಿಗೆ ಹೋದರೆ ಮನೆ ಪೂರ್ತಿ ಖಾಲಿ. ಹಾಗಾಗಿ ಒಂದು ಭಾನುವಾರ ಹೊರಗೆ ನಿಂತು, ಒಳಗೆ ನುಗ್ಗಬೇಕು ಅನ್ನುವವನು ಎಲ್ಲಿ ಕೈ ಹಾಕುತ್ತಾನೆ ಅಂತ ಒಂದೊಂದೇ ಬಾಗಿಲು, ಒಂದೊಂದೇ ಕಿಟಕಿ ನೋಡುತ್ತಾ ಬಂದೆ. ಮೊದಲು ಮಾಡಿದ ಕೆಲಸ, ಹಾರೆ, ಗುದ್ದಲಿ, ಏಣಿ ಮೂರನ್ನೂ ಒಳಗೆ ತಂದಿಟ್ಟದ್ದು. ದುಡ್ಡು ಖರ್ಚಿಲ್ಲದ ಕೆಲಸ.

ಆಮೇಲೆ ಆಚಾರ್ರನ್ನು ಕರೆಸಿದೆ. ಅವರು ಮುಂಬಾಗಿಲ ಚಿಲಕ ಬಿಚ್ಚಿ ಸ್ಕ್ರೂ ತೋರಿಸಿದರು. ಅರ್ಧ ಇಂಚಿನ ಮೇಲೆ ಸ್ವಲ್ಪ. "ಅಮ್ಮಾ, ಬೀಗಕ್ಕೆ ಎಲ್ರೂ ಸಾವಿರಗಟ್ಟಲೆ ಕೊಡ್ತಾರೆ. ಅದು ನಿಂತಿರೋದು ಇದರ ಮೇಲೆ" ಅಂದರು. ನಿಜ ಅಲ್ವಾ? ಬೀಗ ಎಷ್ಟು ಗಟ್ಟಿಯಿದ್ದರೂ ಅದನ್ನು ಹಿಡಿದಿರುವ ಜಾಗ ಗಟ್ಟಿಯಿಲ್ಲದಿದ್ದರೆ ಏನು ಬಂತು?

ಅವರು ಹೇಳಿದಂತೆ ಮಾಡಿಸಿದೆವು. ಬಾಗಿಲ ಆಚೆಯಿಂದ ಈಚೆಗೆ ಪೂರ್ತಿ ತೂತು ಕೊರೆದು, ಸ್ಕ್ರೂ ಬದಲು ಬೋಲ್ಟ್ ಹಾಕಿದರು. ಬೋಲ್ಟಿನ ತಲೆ ಹೊರಗೆ, ಗುಂಡಗೆ, ನುಣುಪಾಗಿ. ಸ್ಪ್ಯಾನರ್ ಹಿಡಿಯಲು ಏನೂ ಸಿಗುವುದಿಲ್ಲ. ನಟ್ಟು ಒಳಗಡೆ, ಅದರ ಕೆಳಗೆ ಒಂದು ಕಬ್ಬಿಣದ ಪಟ್ಟಿ. ಈಗ ಅದನ್ನು ಕೀಳಬೇಕಾದರೆ ಮರವನ್ನೇ ಸೀಳಬೇಕು. ಚೌಕಟ್ಟು ಗೋಡೆಗೆ ಕೂತಿರುವುದರಿಂದ ಅಲ್ಲಿ ಬೋಲ್ಟ್ ಆಗುವುದಿಲ್ಲ. ಅಲ್ಲಿಗೆ 3 ಇಂಚಿನ ಸ್ಕ್ರೂ ಹಾಕಿದರು. ಕದ ಎಷ್ಟು ದಪ್ಪ ಅಂತ ಎಲ್ಲರೂ ನೋಡುತ್ತಾರೆ, ಆದರೆ ಮೀಟಿದಾಗ ಮೊದಲು ಬಿಟ್ಟುಕೊಡುವುದು ಚೌಕಟ್ಟಿನ ಕಡೆಯೇ. ನಿಮ್ಮ ಮನೆಯಲ್ಲಿ ಒಂದೇ ಕೆಲಸ ಮಾಡಿಸಲು ಆಗುವುದಾದರೆ ಇದನ್ನು ಮಾಡಿಸಿ.

ಇನ್ನೊಂದು ವಿಷಯ ನನ್ನ ತಲೆ ಕೊರೆಯುತ್ತಿತ್ತು. ಹೊರಗೆ ನೇತಾಡುವ ಬೀಗ ಮನೆಯಲ್ಲಿ ಯಾರೂ ಇಲ್ಲ ಅಂತ ಬೀದಿಗೆಲ್ಲ ಸಾರುತ್ತದೆ. ಅದಕ್ಕೆ ಬಾಗಿಲೊಳಗೇ ಕೂರುವ ಲಾಕ್ ಹಾಕಿಸಿ, ಹೊರಗಿನ ಚಿಲಕಕ್ಕೆ ಬೀಗ ಹಾಕುವುದನ್ನೇ ಕಡಿಮೆ ಮಾಡಿದೆವು. ಒಳಗೆ ಜನ ಇದ್ದಾರೋ ಇಲ್ಲವೋ ಹೊರಗಿನಿಂದ ಈಗ ಗೊತ್ತಾಗುವುದಿಲ್ಲ. ಮುಂದೆ ಗ್ರಿಲ್ ಬಾಗಿಲು ಇದೆ. ಅದರ ಬೀಗ ಒಳಬದಿಗಿದ್ದು, ಕಂಬಿಯ ನಡುವೆ ಕೈ ಹಾಕಿ ತೆಗೆಯಬೇಕು. ವೆಲ್ಡಿಂಗ್‌ನವರು ಆ ಬೀಗದ ಸುತ್ತ ದಪ್ಪ ತಗಡಿನ ಗೂಡು ಮಾಡಿಕೊಟ್ಟರು. ಕೀ ಹಾಕಬಹುದು, ಕಟರ್ ಬಾಯಿ ತೂರುವುದಿಲ್ಲ. ಗ್ರಿಲ್ ಬಾಗಿಲು ಹೊರಗೆ ತೆರೆದುಕೊಳ್ಳುವುದರಿಂದ ಅದರ ಹಿಂಜ್ ಹೊರಗೇ ಇರುತ್ತದೆ. ಪಿನ್ ಹೊಡೆದು ತೆಗೆದರೆ ಬೀಗ ಮುಟ್ಟದೆ ಬಾಗಿಲನ್ನೇ ಕಳಚಬಹುದು. ಪಿನ್ನಿನ ಎರಡೂ ತುದಿಗೆ ಒಂದೊಂದು ಚುಕ್ಕೆ ವೆಲ್ಡಿಂಗ್ ಇಡಿಸಿದೆವು.

ಹಿತ್ತಲ ಬಾಗಿಲ ಬಗ್ಗೆ ಜಾಸ್ತಿ ಹೇಳಲೇಬೇಕು. ಮುಂಬಾಗಿಲಿಗೆ ತೇಗದ ಮರ ಹಾಕುವವರೂ ಹಿಂದೆ ತೆಳ್ಳನೆಯ ಫ್ಲಶ್ ಡೋರ್ ಹಾಕುತ್ತಾರೆ. ಪಾತ್ರೆ ತೊಳೆಯುವ ನೀರು, ಮಳೆ ಬಿದ್ದು ಅದು ಕೆಳಗೆ ಉಬ್ಬಿರುತ್ತದೆ. ಬೀದಿಯವರ ಕಣ್ಣಿಗೂ ಬೀಳುವುದಿಲ್ಲ. ಕಳ್ಳನಿಗೆ ಇನ್ನೇನು ಬೇಕು? ಹಳೇ ತೊಟ್ಟಿ ಮನೆಗಳ ಬಾಗಿಲ ಹಿಂದೆ ಗೋಡೆಯಿಂದ ಗೋಡೆಗೆ ಅಡ್ಡ ಎಳೆಯುವ ಮರದ ಅಗಳಿ ಇರುತ್ತಿತ್ತು. ಅತ್ತೆ ಅದನ್ನು ನೆನಪಿಸಿದರು. ನಾವು ಎರಡು ಕಡೆ ಗೋಡೆಗೆ ಆ್ಯಂಕರ್ ಬೋಲ್ಟ್ ಹೊಡೆಸಿ, ಕಬ್ಬಿಣದ ಹಿಡಿಕೆ ಕೂರಿಸಿ, ಅದರಲ್ಲಿ ಅಡ್ಡಪಟ್ಟಿ ಇಡುವಂತೆ ಮಾಡಿಸಿದೆವು. ಹೊರಗಿನಿಂದ ಒದ್ದರೂ ಬಲ ಹೋಗುವುದು ಗೋಡೆಗೆ, ಚಿಲಕಕ್ಕಲ್ಲ. ತಾರಸಿಯ ಮೆಟ್ಟಿಲ ಬಾಗಿಲಿಗೂ ಇದೇ ವ್ಯವಸ್ಥೆ. ನಮ್ಮ ಬೀದಿಯಲ್ಲಿ ಒಂದು ತಾರಸಿಯಿಂದ ಇನ್ನೊಂದಕ್ಕೆ ಸಲೀಸಾಗಿ ದಾಟಬಹುದು.

ಕಿಟಕಿಯ ಗ್ರಿಲ್ ಹೊರಗಿನಿಂದ ಸ್ಕ್ರೂ ಹಾಕಿ ಕೂರಿಸಿದ್ದಾ, ನೋಡಿಕೊಳ್ಳಿ. ಹಾಗಿದ್ದರೆ ಒಂದು ಸ್ಕ್ರೂಡ್ರೈವರ್ ಸಾಕು. ಮರದ ಚೌಕಟ್ಟಿಗೆ ವೆಲ್ಡಿಂಗ್ ಆಗುವುದಿಲ್ಲವಲ್ಲ, ನಾವು ಸ್ಕ್ರೂ ತಲೆಯ ಗೀಟನ್ನು ಗ್ರೈಂಡರ್‌ನಿಂದ ಉಜ್ಜಿ ನುಣ್ಣಗೆ ಮಾಡಿಸಿದೆವು.

ಇಷ್ಟೆಲ್ಲ ಭದ್ರ ಮಾಡುವಾಗ ಒಂದು ಎಚ್ಚರ ಬೇಕು. ಬೆಂಕಿ ಬಿದ್ದರೆ ಮನೆಯವರು ಬೇಗ ಹೊರಗೆ ಬರುವಂತಿರಬೇಕು. ನಮ್ಮತ್ತೆಗೆ ಮಂಡಿ ನೋವು, ಕಣ್ಣೂ ಮಂಜು. ಅವರು ಎತ್ತಲಾಗದಷ್ಟು ಭಾರದ ಅಡ್ಡಪಟ್ಟಿ ಬೇಡ ಅಂತ ಹಠ ಹಿಡಿದು ಹಗುರದ್ದನ್ನೇ ಮಾಡಿಸಿದೆ. ರಾತ್ರಿ ಗ್ರಿಲ್ ಕೀ ಒಂದೇ ಜಾಗದಲ್ಲಿ, ಕಿಟಕಿಯಿಂದ ಕೋಲು ಹಾಕಿದರೂ ಸಿಗದ ಗೋಡೆಯ ಮೊಳೆಯಲ್ಲಿ ಇರುತ್ತದೆ. ಕತ್ತಲಲ್ಲೂ ಎಲ್ಲರ ಕೈ ನೇರ ಅಲ್ಲಿಗೇ ಹೋಗುತ್ತದೆ.

ಊರಿಗೆ ಹೋಗುವಾಗ ಕಾಂಪೌಂಡ್ ಒಳಗೆ ಬಿದ್ದ ಪೇಪರು, ಗೇಟಿನ ಚೀಲದಲ್ಲಿ ಉಳಿದ ಹಾಲು, ಹಗಲೆಲ್ಲ ಉರಿಯುವ ವರಾಂಡದ ಲೈಟು, ರಂಗೋಲಿ ಇಲ್ಲದ ಬಾಗಿಲು, ಇವೆಲ್ಲ ಮನೆ ಖಾಲಿ ಅಂತ ಹೇಳಿಬಿಡುತ್ತವೆ. ಪೇಪರು, ಹಾಲು ನಿಲ್ಲಿಸುತ್ತೇವೆ. ಎದುರು ಮನೆ ಆಂಟಿ ಬೆಳಗ್ಗೆ ನಮ್ಮ ಗೇಟಿನ ಮುಂದೂ ನೀರು ಹಾಕಿ ನಾಲ್ಕು ಎಳೆ ರಂಗೋಲಿ ಬಿಡುತ್ತಾರೆ. ಅವರು ಮಗಳ ಮನೆಗೆ ಹೋದಾಗ ಆ ಕೆಲಸ ನನ್ನದು. ಹಾಲ್‌ನ ಒಂದು ಲೈಟಿಗೆ ಟೈಮರ್ ಹಾಕಿದ್ದೇವೆ, ಸಂಜೆ ಹತ್ತಿ ರಾತ್ರಿ ಆರುತ್ತದೆ. ಕೀಯನ್ನು ಚಪ್ಪಲಿ ಗೂಡು, ಹೂಕುಂಡ, ಮೀಟರ್ ಬಾಕ್ಸ್‌ನಲ್ಲಿ ಇಡುವ ಅಭ್ಯಾಸ ನಮ್ಮಲ್ಲಿಲ್ಲ. ಕಳ್ಳರು ಮೊದಲು ತಡಕುವುದೇ ಅಲ್ಲಿ. ವಾಪಸ್ ಬರುವವರೆಗೆ ಫೋಟೋನೂ ಸ್ಟೇಟಸ್‌ಗೆ ಹಾಕುವುದಿಲ್ಲ. ಹೊರಡುವ ಮುಂಚೆ ಹತ್ತಿರದ ಪೊಲೀಸ್ ಠಾಣೆಗೆ ಹೋಗಿ ವಿಳಾಸ, ತಾರೀಖು, ಫೋನ್ ನಂಬರ್ ಕೊಟ್ಟು ಬರುತ್ತೇವೆ. ರಾತ್ರಿ ಬೀಟ್‌ನವರು ಆ ಕಡೆ ಬಂದಾಗ ನೋಡಿಕೊಳ್ಳಲಿ ಅಂತ. ಹಿಂಜರಿಕೆ ಬೇಡ, ಪೊಲೀಸರೇ ಹೀಗೆ ತಿಳಿಸಿ ಹೋಗಿ ಅಂತ ಕೇಳಿಕೊಳ್ಳುತ್ತಾರೆ.

ಕ್ಯಾಮೆರಾ ಹಾಕಿದ್ದೇವೆ, ಆದರೆ ಅದನ್ನೇ ನಂಬಿ ಕೂತಿಲ್ಲ. ಸಜ್ಜಾದ ಕೆಳಗೆ ಎತ್ತರದಲ್ಲಿಟ್ಟರೆ ಕಾಣುವುದು ಟೋಪಿ ಮಾತ್ರ. ಗೇಟಿನ ಹತ್ತಿರ ಮುಖದ ಮಟ್ಟಕ್ಕೆ ಒಂದು ಬೇಕು. ರೆಕಾರ್ಡ್ ಆಗುವ ಡಬ್ಬಿಯನ್ನು ಟಿವಿ ಪಕ್ಕ ಇಟ್ಟರೆ ಕಳ್ಳರು ಅದನ್ನೂ ಹೊತ್ತೊಯ್ಯುತ್ತಾರೆ. ಕರೆಂಟ್ ಹೋದಾಗ ವೈಫೈ ನಿಲ್ಲದಂತೆ ರೂಟರ್‌ಗೆ ಸಣ್ಣ ಯುಪಿಎಸ್ ಇಡಿ.

ಇನ್ನು ಚಿನ್ನ. ಬೀರುವಿಗೆ ಬೀಗ ಹಾಕಿ ಕೀಯನ್ನು ಅದೇ ಬೀರುವಿನ ಮೇಲೋ, ದೇವರ ಮನೆಯಲ್ಲೋ ಇಡುವ ಮನೆಗಳೇ ಜಾಸ್ತಿ. ನಮ್ಮದು ಬ್ಯಾಂಕ್ ಲಾಕರ್‌ಗೆ ಹೋಯಿತು. 2022ರ ಜನವರಿ 1ರಿಂದ ಜಾರಿಗೆ ಬಂದ ರಿಸರ್ವ್ ಬ್ಯಾಂಕ್ ನಿಯಮದಂತೆ, ಬ್ಯಾಂಕಿನ ನಿರ್ಲಕ್ಷ್ಯದಿಂದ ಬೆಂಕಿ, ಕಳ್ಳತನ, ಕಟ್ಟಡ ಕುಸಿತ ಆದರೆ ಅಥವಾ ಸಿಬ್ಬಂದಿ ವಂಚನೆ ಮಾಡಿದರೆ, ಲಾಕರ್‌ನ ವರ್ಷದ ಬಾಡಿಗೆಯ 100 ಪಟ್ಟಿನಷ್ಟು ಪರಿಹಾರ ಕೊಡುವ ಹೊಣೆ ಬ್ಯಾಂಕಿನದು. ಬಾಡಿಗೆ 3,000 ರೂಪಾಯಿ ಆದರೆ 3 ಲಕ್ಷ. ಈಗಿನ ಚಿನ್ನದ ಬೆಲೆಗೆ ಅದು ಕಡಿಮೆಯೇ. ಆದರೂ ಬೀರುವಿಗಿಂತ ಲಾಕರ್ ಎಷ್ಟೋ ವಾಸಿ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಪ್ರತಿಯೊಂದು ಒಡವೆಯ ಫೋಟೋ, ತೂಕ, ಬಿಲ್ಲು ತೆಗೆದಿಡಿ. ಹೊಸ ಹಾಲ್‌ಮಾರ್ಕ್ ಒಡವೆಯ ಮೇಲೆ ಅಕ್ಷರ, ಅಂಕಿ ಸೇರಿದ 6 ಗುರುತಿನ ಎಚ್‌ಯುಐಡಿ ಸಂಖ್ಯೆ ಇರುತ್ತದೆ. ಒಂದೊಂದು ಒಡವೆಗೂ ಅದು ಬೇರೆ ಬೇರೆ. 2023ರ ಏಪ್ರಿಲ್‌ನಿಂದ ಮಾರುವ ಹಾಲ್‌ಮಾರ್ಕ್ ಚಿನ್ನಕ್ಕೆ ಅದು ಕಡ್ಡಾಯ. ಬರೆದಿಟ್ಟುಕೊಂಡರೆ, ಪೊಲೀಸರು ಮಾಲು ಹಿಡಿದಾಗ ಇದು ನಮ್ಮದೇ ಅಂತ ತೋರಿಸಲು ಸುಲಭ.

ವಿಮೆ ಇದೆಯಲ್ಲ ಅಂತ ಸುಮ್ನೆ ಇರಬೇಡಿ. ಭಾರತ್ ಗೃಹ ರಕ್ಷಾ ಅನ್ನುವ ಸಾಮಾನ್ಯ ಮನೆ ವಿಮೆಯಲ್ಲಿ ಕಳ್ಳತನಕ್ಕೆ ಹಣ ಸಿಗುವುದು, ಬೆಂಕಿ, ಪ್ರವಾಹದಂಥ ಅನಾಹುತದಿಂದಾಗಿ 7 ದಿನದೊಳಗೆ ಕಳವಾದರೆ ಮಾತ್ರ. ಕನ್ನ ಹಾಕಿದ್ದಕ್ಕೆ ಬೇರೆ ವಿಮೆಯನ್ನೇ ಸೇರಿಸಬೇಕು. ಅದರಲ್ಲೂ ಬಲವಂತವಾಗಿ ನುಗ್ಗಿದ ಗುರುತು ಇರಬೇಕು ಅಂತ ಸಾಮಾನ್ಯವಾಗಿ ಷರತ್ತು ಇರುತ್ತದೆ. ಬಾಗಿಲು ತೆರೆದಿಟ್ಟು ಪಕ್ಕದ ಮನೆಗೆ ಹೋಗಿದ್ದರೆ ಹಣ ಬರುವುದು ಕಷ್ಟ.

ವಾಪಸ್ ಬಂದಾಗ ಬಾಗಿಲು ತೆರೆದಿದ್ದರೆ ಒಳಗೆ ಹೋಗಬೇಡಿ. ಕಳ್ಳ ಇನ್ನೂ ಒಳಗೇ ಇರಬಹುದು. ಹೊರಗೆ ನಿಂತು 112ಕ್ಕೆ ಫೋನ್ ಮಾಡಿ. ಬೆರಳಚ್ಚಿನವರು, ಶ್ವಾನದಳದವರು ನೋಡುವ ತನಕ ಬೀರು, ಬಾಗಿಲು ಮುಟ್ಟಬಾರದು, ನೆಂಟರಿಷ್ಟರನ್ನೂ ಒಳಗೆ ಬಿಡಬಾರದು. ದೂರಿನಲ್ಲಿ ಒಡವೆ ಪಟ್ಟಿಯನ್ನು ತೂಕದ ಸಮೇತ ಬರೆಸಿ, ಎಫ್‌ಐಆರ್ ಪ್ರತಿ ಕೇಳಿ ಪಡೆಯಿರಿ. ಅದಕ್ಕೆ ದುಡ್ಡು ಕೊಡಬೇಕಿಲ್ಲ. ಚೆಕ್ ಪುಸ್ತಕ, ಎಟಿಎಂ ಕಾರ್ಡ್ ಹೋಗಿದ್ದರೆ ಅವತ್ತೇ ಬ್ಯಾಂಕಿಗೆ ಹೇಳಿ ನಿಲ್ಲಿಸಿ. ಮನೆ ಕೀಯೂ ಹೋಗಿದ್ದರೆ ರಾತ್ರಿಯೊಳಗೆ ಲಾಕ್ ಬದಲಾಯಿಸಿಬಿಡಿ.